ಏರು ಬಂದರೆ ಹೇಳುವ ಗಾಡಿ

ಸೌತ್ ಡಕೋಟಾದಲ್ಲಿ ಇಂಟರ್‌ಸ್ಟೇಟ್ 90ರ ವೇಗಮಿತಿ ಗಂಟೆಗೆ 80 ಮೈಲಿ. ನಮ್ಮ ಗಾಡಿ ಬಲಬದಿಯ ಸಾಲು ಹಿಡಿದು 55ರಲ್ಲಿ ಹೋಗುತ್ತಿದೆ. ಹದಿನೆಂಟು ಚಕ್ರದ ಟ್ರಕ್ಕುಗಳು ಒಂದೊಂದಾಗಿ ಎಡಕ್ಕೆ ಸರಿದು ನಮ್ಮನ್ನು ದಾಟುತ್ತವೆ. ಪ್ರತಿ ಟ್ರಕ್ಕೂ ತನ್ನ ಮುಂದಿನ ಗಾಳಿಯನ್ನು ತಳ್ಳಿಕೊಂಡು ಬರುತ್ತದೆ. ಆ ಗಾಳಿ ಪಕ್ಕಕ್ಕೆ ಬಡಿದಾಗ ಗಾಡಿ ಒಂದು ಗೇಣು ಬಲಕ್ಕೆ ಸರಿಯುತ್ತದೆ. ಟ್ರಕ್ಕಿನ ಹಿಂಬದಿ ದಾಟಿದೊಡನೆ ಎಡಕ್ಕೆ ಎಳೆಯುತ್ತದೆ. ಸ್ಟೇರಿಂಗ್ ಹಿಡಿದ ಗೆಳೆಯ, ಟ್ರಕ್ಕು ಕನ್ನಡಿಯಲ್ಲಿ ಕಾಣುವಾಗಲೇ ಕೈ ಸಜ್ಜು ಮಾಡಿಕೊಂಡಿರುತ್ತಾನೆ. ಈ ಗಾಡಿ ಕಾರ್ಖಾನೆಯಿಂದ ಹೊರಬಿದ್ದ ಕಾಲದಲ್ಲಿ ಇಡೀ ಅಮೆರಿಕದ ವೇಗಮಿತಿಯೇ 55 ಮೈಲಿ ಆಗಿತ್ತು. ಅದು ತನ್ನ ಕಾಲದ ನಡಿಗೆಯನ್ನೇ ಇಂದಿಗೂ ನಡೆಯುತ್ತಿದೆ.

ಇದು 1976ರ ಜಿಎಂಸಿ ಮೋಟರ್‌ಹೋಮ್. ಮಿಷಿಗನ್ ರಾಜ್ಯದ ಪಾಂಟಿಯಾಕ್ ಊರಿನಲ್ಲಿ ತಯಾರಾದದ್ದು. 26 ಅಡಿ ಉದ್ದ, ಆರು ಚಕ್ರ, ಅಲ್ಯೂಮಿನಿಯಂ ಮತ್ತು ಫೈಬರ್‌ಗ್ಲಾಸಿನ ಮೈ, ಮೂಲೆಗಳೆಲ್ಲ ದುಂಡು. ಆ ಕಾಲದ ಬಹುತೇಕ ಮೋಟರ್‌ಹೋಮ್‌ಗಳೆಂದರೆ ಲಾರಿಯ ಚಾಸಿಯ ಮೇಲೆ ಕೂರಿಸಿದ ಪೆಟ್ಟಿಗೆ. ಇದನ್ನು ಮಾತ್ರ ಚಕ್ರದಿಂದ ಚಾವಣಿಯವರೆಗೆ ಮನೆಯಾಗಿಯೇ ಯೋಚಿಸಿ ಕಟ್ಟಿದರು. ಓಲ್ಡ್ಸ್‌ಮೊಬೀಲ್ ಟೊರೊನಾಡೊ ಕಾರಿನ ಏಳೂವರೆ ಲೀಟರಿನ ವಿ-8 ಎಂಜಿನ್ ತಂದು ಮುಂದಿಟ್ಟು, ಅದರ ಬಲವನ್ನು ಮುಂದಿನ ಎರಡು ಚಕ್ರಗಳಿಗೇ ಕೊಟ್ಟರು. ಹಿಂದಿನ ಚಕ್ರಗಳಿಗೆ ಶಾಫ್ಟ್ ಹೋಗಬೇಕಿಲ್ಲವಾದ್ದರಿಂದ ನೆಲವನ್ನು ರಸ್ತೆಗೆ ಹತ್ತಿರ ಇಳಿಸಲು ಸಾಧ್ಯವಾಯಿತು. ಹಿಂದಿನ ನಾಲ್ಕು ಚಕ್ರಗಳು, ಬದಿಗೆ ಎರಡರಂತೆ, ಗಾಳಿಚೀಲದ ಮೇಲೆ ನಿಂತಿವೆ.

ಗಾಡಿ ಮಾರುಕಟ್ಟೆಗೆ ಬಂದದ್ದು 1973ರಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದವು, ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಪುಣ್ಯ ಎನ್ನುವ ಗಾಡಿಗೆ ಅದಕ್ಕಿಂತ ಕೆಟ್ಟ ಗಳಿಗೆ ಇರಲಿಲ್ಲ. 1978ರ ಮಾದರಿಯೊಂದಿಗೆ ತಯಾರಿಕೆ ನಿಂತಿತು. ಆಗ ಹೊರಬಂದಿದ್ದ ಗಾಡಿಗಳು ಹದಿಮೂರು ಸಾವಿರಕ್ಕಿಂತ ತುಸು ಕಡಿಮೆ. ಅವುಗಳಲ್ಲಿ ಎಷ್ಟೋ ಇಂದಿಗೂ ರಸ್ತೆಯಲ್ಲಿರುವುದಕ್ಕೆ ಕಾರಣ ಅವುಗಳ ಮಾಲೀಕರು. ಸಂಘ ಕಟ್ಟಿಕೊಂಡು, ಸಿಗದ ಬಿಡಿಭಾಗಗಳನ್ನು ತಾವೇ ಮಾಡಿಸಿ, ಒಬ್ಬರಿಗೊಬ್ಬರು ಕಲಿಸಿಕೊಡುತ್ತ ಐವತ್ತು ವರ್ಷ ದಾಟಿಸಿದವರು ಅವರು.

ಗೆಳೆಯ ಚಿಕ್ಕಮಗಳೂರಿನ ಕಡೆಯವನು. ಡೆಟ್ರಾಯಿಟ್ ಸುತ್ತಿನ ಕಾರು ಉದ್ಯಮದಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ಈಗ ಅವನೂ ನನ್ನ ಗೆಳತಿಯೂ ಆದ ಅವನ ಹೆಂಡತಿಯೂ ಈ ಗಾಡಿಯಲ್ಲಿ ಪಶ್ಚಿಮದ ಕಡಲಿಗೆ ಹೊರಟಿದ್ದಾರೆ. ಅವರ ಜೊತೆ ಯೆಲ್ಲೊಸ್ಟೋನ್‌ವರೆಗೆ ನಾನೂ ಇದ್ದೇನೆ.

ಹೊರಡುವ ಮೊದಲಿನ ತಯಾರಿಯೇ ಅರ್ಧ ಪ್ರಯಾಣ. ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿಗಳ ಗುರುತೊಂದಿರುತ್ತದೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ‘3222’ ಎಂದಿದ್ದರೆ 2022ರ ಮೂವತ್ತೆರಡನೇ ವಾರದಲ್ಲಿ ಹುಟ್ಟಿದ ಟೈರು. ವರ್ಷದ ಬಹುಪಾಲು ನಿಂತೇ ಇರುವ ಮೋಟರ್‌ಹೋಮಿನಲ್ಲಿ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಗೆರೆಗಳು ಹೊಸದರಂತೆ ಕಂಡರೂ ಒಳಗಿನ ರಬ್ಬರು ಒಣಗಿರುತ್ತದೆ. ಹಾಗಾಗಿ ಗೆಳೆಯ ಆರೂ ಚಕ್ರಗಳ ಬಳಿ ಮಂಡಿಯೂರಿ, ಟಾರ್ಚು ಬಿಟ್ಟು, ಅಂಕಿಗಳನ್ನು ಓದಿ ಪುಸ್ತಕದಲ್ಲಿ ಬರೆದುಕೊಂಡ. ಹಾಸಿಗೆಯಡಿಯ ಪೆಟ್ಟಿಗೆಯಲ್ಲಿ ಫ್ಯಾನ್ ಬೆಲ್ಟುಗಳು, ರೇಡಿಯೇಟರ್ ಹೋಸುಗಳು, ಒಂದು ವಾಟರ್ ಪಂಪ್, ಒಂದು ಇಂಧನ ಪಂಪ್, ಇಗ್ನಿಶನ್ ಕಾಯಿಲ್. ಇವುಗಳ ಮೇಲೆ, ಪುಟದ ಅಂಚುಗಳಲ್ಲೆಲ್ಲ ಎಣ್ಣೆಯ ಬೆರಳಚ್ಚು ಬಿದ್ದ ರಿಪೇರಿ ಕೈಪಿಡಿ. ಅದರೊಳಗೆ ಮಡಚಿಟ್ಟ ಒಂದು ಪಟ್ಟಿ: ದಾರಿಯುದ್ದಕ್ಕೂ ಯಾವ ಊರಿನಲ್ಲಿ ಇಂಥದೇ ಗಾಡಿಯ ಮಾಲೀಕರಿದ್ದಾರೆ, ಯಾರು ಶೆಡ್ಡು ಕೊಡಬಲ್ಲರು, ಯಾರು ಸ್ಪ್ಯಾನರ್ ಹಿಡಿದು ಬರಬಲ್ಲರು ಎಂಬ ವಿವರ.

ಚೇಂಬರ್ಲೇನ್ ಊರಿನ ಬಳಿ ಮಿಸೌರಿ ನದಿ ದಾಟಿದ ಮೇಲೆ ನೆಲದ ಬಣ್ಣವೇ ಬೇರೆ. ನದಿಯ ಮೂಡಣದಲ್ಲಿ ಮೆಕ್ಕೆಜೋಳದ ಹೊಲ, ಸೋಯಾಬೀನ್, ಎತ್ತರದ ಧಾನ್ಯದ ಕಣಜಗಳು. ಪಡುವಣದಲ್ಲಿ ಹುಲ್ಲು, ತಂತಿಬೇಲಿ, ದೂರದಲ್ಲಿ ಕಪ್ಪು ಚುಕ್ಕೆಗಳಾಗಿ ದನ. ಮಳೆ ಕಡಿಮೆಯಾಗುತ್ತ ಹೋಗುವುದು ಹುಲ್ಲಿನ ಎತ್ತರದಲ್ಲೇ ತಿಳಿಯುತ್ತದೆ. ಅಡ್ಡಗಾಳಿ ಇಲ್ಲಿ ಬಿಡುವುದೇ ಇಲ್ಲ. ಕಾರಿನಲ್ಲಿ ಹೋಗುವವರು ಇದನ್ನು ಸಮತಟ್ಟಾದ ಬಯಲು ಎಂದುಕೊಂಡು ದಾಟಿಬಿಡುತ್ತಾರೆ. ನಮ್ಮ ಗಾಡಿಗೆ ಇದು ಬಯಲಲ್ಲ. ಉದ್ದುದ್ದ ಅಲೆಗಳಂತೆ ಬರುವ ಪ್ರತಿ ದಿಬ್ಬಕ್ಕೂ ಎಂಜಿನ್ನಿನ ದನಿ ಒಂದು ಸುತ್ತು ದಪ್ಪವಾಗುತ್ತದೆ, ಇಳಿಜಾರಿನಲ್ಲಿ ತೆಳುವಾಗುತ್ತದೆ. ಕಣ್ಣು ಮುಚ್ಚಿ ಕುಳಿತರೂ ನೆಲದ ಏರಿಳಿತ ಕಿವಿಗೆ ಕಾಣುತ್ತದೆ.

ಹೆದ್ದಾರಿ ಬಿಟ್ಟು ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಸುತ್ತುರಸ್ತೆಗೆ ಹೊರಳಿದರೆ ಹುಲ್ಲುಗಾವಲು ಇದ್ದಕ್ಕಿದ್ದಂತೆ ಮುರಿದುಬೀಳುತ್ತದೆ. ಬೂದಿ, ಹಳದಿ, ಮಾಸಲು ಗುಲಾಬಿ ಪದರಗಳ ಮಣ್ಣಿನ ಕೋಡುಗಳು ಸಾಲುಗಟ್ಟಿ ನಿಂತಿವೆ. ನೀರು ಇವುಗಳನ್ನು ಕೊರೆಯಲು ಶುರುಮಾಡಿ ಸುಮಾರು ಐದು ಲಕ್ಷ ವರ್ಷವಾಯಿತು. ಇಂದಿಗೂ ವರ್ಷಕ್ಕೆ ಅಂದಾಜು ಒಂದು ಇಂಚು ಸವೆಯುತ್ತಿವೆ. ಗಾಡಿಯನ್ನು ಬದಿಗೆ ನಿಲ್ಲಿಸಿ ಬಾಗಿಲು ತೆರೆದರೆ ಆ ಬಿಸಿಮಣ್ಣಿನ ವಾಸನೆ ನೇರವಾಗಿ ಅಡುಗೆಮನೆಗೇ ಬರುತ್ತದೆ. ಗೆಳತಿ ಅಲ್ಲೇ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದಳು. ಸಾಸಿವೆ ಸಿಡಿಯುವ ಸದ್ದಿನ ಆಚೆ, ಕಿಟಕಿಯ ತುಂಬ ಕೋಟ್ಯಂತರ ವರ್ಷಗಳ ಪದರ. ಮನೆಯನ್ನೇ ಹೊತ್ತು ತಿರುಗುವುದರ ಸುಖ ಇದು: ನೋಡಿ ಮುಗಿಸಿ ಊಟಕ್ಕೆ ಓಡಬೇಕಿಲ್ಲ. ಅಡುಗೆ ಆಗುವಷ್ಟು ಹೊತ್ತು, ನೆರಳು ಒಂದು ಕೋಡಿನಿಂದ ಇನ್ನೊಂದಕ್ಕೆ ಸರಿಯುವುದನ್ನು ಕಾಣಬಹುದು.

ಸಂಜೆ ತಂಗುವ ಜಾಗದಲ್ಲಿ ಮೊದಲ ಕೆಲಸ ಗಾಡಿಯನ್ನು ಮಟ್ಟ ಮಾಡುವುದು. ನೆಲದ ಮೇಲೆ ಒಂದು ಸಣ್ಣ ರಸಮಟ್ಟವಿಟ್ಟು, ಹಿಂದಿನ ಗಾಳಿಚೀಲಗಳಿಗೆ ಸ್ವಿಚ್ಚಿನಿಂದ ಗಾಳಿ ತುಂಬುತ್ತ, ಬಿಡುತ್ತ ಗುಳ್ಳೆಯನ್ನು ನಡುವಿಗೆ ತರುತ್ತಾರೆ. ಮಲಗಿದಾಗ ಹೊರಳಬಾರದು ಎನ್ನುವುದಕ್ಕಿಂತ ಇದು ಹೆಚ್ಚಾಗಿ ಫ್ರಿಜ್ಜಿಗಾಗಿ. ಈ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇಲ್ಲ, ತಿರುಗುವ ಭಾಗ ಒಂದೂ ಇಲ್ಲ. ಹಿಂಬದಿಯಲ್ಲಿ ಪ್ರೊಪೇನ್ ಅನಿಲದ ಪುಟ್ಟ ನೀಲಿ ಜ್ವಾಲೆ ಉರಿಯುತ್ತದೆ. ಆ ಶಾಖಕ್ಕೆ ಅಮೋನಿಯಾ ನೀರಿನಿಂದ ಬೇರ್ಪಟ್ಟು ಮೇಲೇರಿ, ತಣಿದು, ಆವಿಯಾಗಿ, ಮತ್ತೆ ನೀರಿಗೆ ಸೇರುತ್ತದೆ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ವಾನ್ ಪ್ಲಾಟೆನ್ ಮತ್ತು ಮುಂಟರ್ಸ್, ಕಂಡುಹಿಡಿದ ಉಪಾಯ. ಎಲ್ಲವೂ ಇಳಿಜಾರಿನ ಕೊಳವೆಗಳಲ್ಲಿ ತಾನಾಗಿ ಹರಿಯಬೇಕಾದ್ದರಿಂದ ಗಾಡಿ ವಾಲಿ ನಿಂತರೆ ದ್ರವ ಒಂದೆಡೆ ನಿಂತುಬಿಡುತ್ತದೆ, ಫ್ರಿಜ್ಜು ಕೆಡುತ್ತದೆ. ಬೆಂಕಿಯಿಂದ ಮೊಸರು ತಣ್ಣಗಾಗುವುದನ್ನು ಹತ್ತಿರದಿಂದ ನೋಡಿದ ಮೇಲೆ ಮಟ್ಟದ ಗುಳ್ಳೆಯ ಮೇಲೆ ತಾನಾಗಿ ಗೌರವ ಹುಟ್ಟುತ್ತದೆ.

ನೀರಿಗೂ ಇದೇ ಎಚ್ಚರ. ಕುಡಿಯುವ ನೀರಿಗೊಂದು ಟ್ಯಾಂಕು, ಕೈತೊಳೆದ ನೀರಿಗೊಂದು, ಶೌಚಕ್ಕೊಂದು. ಮೊದಲನೆಯದು ಬರಿದಾದರೂ, ಉಳಿದೆರಡರಲ್ಲಿ ಒಂದು ತುಂಬಿದರೂ ನಿಲ್ಲಬೇಕು. ಖಾಲಿ ಮಾಡುವ ಜಾಗದಲ್ಲಿ ಗೆಳೆಯ ಕೈಗವಸು ತೊಟ್ಟು ಶೌಚದ ಟ್ಯಾಂಕನ್ನು ಮೊದಲು ಬಿಡುತ್ತಾನೆ, ಆಮೇಲೆ ಪಾತ್ರೆ ತೊಳೆದ ನೀರು. ಹಿಂದೆ ಬಂದ ನೀರು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ನಲ್ಲಿ ತಿರುಗಿಸಿದರೆ ಬರುವುದು, ತೂಬಿಗೆ ಬಿಟ್ಟರೆ ಹೋಗುವುದು ಎಂಬ ನಗರದ ಅಭ್ಯಾಸ ಇಲ್ಲಿ ಎರಡು ದಿನದಲ್ಲಿ ಕಳಚಿಕೊಳ್ಳುತ್ತದೆ. ಗೆಳತಿ ಚೊಂಬು ಹಿಡಿದು ಪಾತ್ರೆ ತೊಳೆಯುವುದನ್ನು ಕಂಡು ಪಕ್ಕದ ಗಾಡಿಯ ಅಜ್ಜಿ, ಇದು ಒಳ್ಳೆಯ ಪದ್ಧತಿ ಎಂದು ತಾನೂ ಒಂದು ಮಗ್ ತಂದಿಟ್ಟುಕೊಂಡಳು.

ವಯೋಮಿಂಗಿನ ಬಫಲೊ ಊರಿನಿಂದ ಯುಎಸ್ 16 ರಸ್ತೆ ಬಿಗ್‌ಹಾರ್ನ್ ಬೆಟ್ಟಸಾಲನ್ನು ಏರುತ್ತದೆ. ಉತ್ತರದ 14ಎ ರಸ್ತೆಯಲ್ಲಿ ಶೇಕಡಾ 10ರಷ್ಟು ಕಡಿದಾದ ಏರುಗಳಿರುವುದರಿಂದ ಹಳೆಯ ಗಾಡಿಯವರು ಈ 16ನ್ನೇ ಆಯ್ದುಕೊಳ್ಳುತ್ತಾರೆ. ಆದರೂ ಪೌಡರ್ ರಿವರ್ ಕಣಿವೆಬಾಯಿ 9,666 ಅಡಿ ಎತ್ತರದಲ್ಲಿದೆ. ಊರಿನಿಂದ ಸುಮಾರು ಐದು ಸಾವಿರ ಅಡಿ ಹತ್ತಬೇಕು. ಕಾರ್ಬ್ಯುರೇಟರ್ ಎಂಜಿನ್ನಿಗೆ ಇಂಥ ಏರಿನಲ್ಲಿ ಎರಡು ಸಂಕಟ. ಮೇಲೆ ಹೋದಂತೆ ಗಾಳಿ ತೆಳುವಾಗಿ, ಪ್ರತಿ ಸಾವಿರ ಅಡಿಗೆ ಶೇಕಡಾ 3ರಷ್ಟು ಬಲ ಇಳಿಯುತ್ತದೆ. ಜೊತೆಗೆ, ಇಂದಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಬಿಸಿಯಾದ ಕೊಳವೆಯಲ್ಲೇ ಅದು ಬೇಗ ಕುದಿದು ಆವಿಯಾಗುತ್ತದೆ. ದ್ರವ ಎಳೆಯಬೇಕಾದ ಪಂಪಿಗೆ ಆವಿ ಸಿಕ್ಕರೆ ಎಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ಇದಕ್ಕಾಗಿಯೇ ಗೆಳೆಯ ಟ್ಯಾಂಕಿನ ಬಳಿ ವಿದ್ಯುತ್ ಪಂಪೊಂದನ್ನು ಜೋಡಿಸಿದ್ದಾನೆ. ಹಿಂದಿನಿಂದ ಒತ್ತಿ ಕಳಿಸಿದ ಪೆಟ್ರೋಲು ಅಷ್ಟು ಸುಲಭಕ್ಕೆ ಕುದಿಯುವುದಿಲ್ಲ.

ಎಂಜಿನ್ ಇರುವುದು ಚಾಲಕನ ಪಕ್ಕದಲ್ಲೇ, ನೆಲದ ಮುಚ್ಚಳದ ಕೆಳಗೆ. ಏರು ಶುರುವಾಗಿ ಸ್ವಲ್ಪ ಹೊತ್ತಿಗೆ ಅಂಗಾಲಿಗೆ ಬಿಸಿ ತಟ್ಟಿತು. ಗೆಳೆಯ ಗೇರು ಇಳಿಸಿದ, ಡ್ಯಾಶಿನಡಿಯ ಸ್ವಿಚ್ಚು ಒತ್ತಿದ, ಹಿಂದಿನಿಂದ ಪಂಪಿನ ಸಣ್ಣ ಟಕಟಕ ಕೇಳಿಸಿತು. ಶಾಖದ ಮುಳ್ಳು ನಿಧಾನಕ್ಕೆ ಬಲಕ್ಕೆ ಹತ್ತಿತು. ಕ್ಯಾಬಿನ್ನಿನ ಹೀಟರನ್ನು ಪೂರ್ತಿ ತಿರುಗಿಸಿ ಎಂಜಿನ್ನಿನ ಬಿಸಿಯನ್ನು ನಾವೇ ಹಂಚಿಕೊಂಡೆವು. ಬೇಸಿಗೆಯ ಮಧ್ಯಾಹ್ನ, ಎಲ್ಲ ಕಿಟಕಿ ತೆರೆದು, ಬೆವರುತ್ತ, ಗಂಟೆಗೆ 30 ಮೈಲಿಯಲ್ಲಿ ಪೈನ್ ಮರಗಳ ನಡುವೆ ಏರಿದೆವು. ಆ ವೇಗದಲ್ಲಿ ಮರದ ಅಂಟಿನ ಪರಿಮಳ ಹತ್ತುತ್ತದೆ, ತೊರೆಯ ಸದ್ದು ಕೇಳುತ್ತದೆ, ಪೈನ್ ಮುಗಿದು ಸ್ಪ್ರೂಸ್ ಶುರುವಾಗುವುದು ಕಾಣುತ್ತದೆ. ಮೇಲೆ ಬಂದಾಗ ಗಾಳಿ ತಣ್ಣಗಿತ್ತು, ಮುಳ್ಳು ತಾನಾಗಿ ಇಳಿಯಿತು.

ಆಚೆಬದಿಯ ಇಳುಕಲು ಟೆನ್ ಸ್ಲೀಪ್ ಕಮರಿಯೊಳಗೆ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂದು ಚಾರ್ಮಾಡಿಯ ಬಸ್ ಚಾಲಕರು ಹೇಳುತ್ತಿದ್ದುದನ್ನು ಬಾಲ್ಯದಲ್ಲಿ ಕೇಳಿ ಬೆಳೆದ ಗೆಳೆಯ ಅದನ್ನು ಇಲ್ಲಿಯೂ ಪಾಲಿಸುತ್ತಾನೆ. ಎಂಜಿನ್ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕು ತಿರುವಿನ ಮುಂಚೆ ಮಾತ್ರ, ಗಟ್ಟಿಯಾಗಿ ಒಮ್ಮೆ ಒತ್ತಿ ಬಿಡಲು. ರಸ್ತೆಬದಿಯ ಫಲಕಗಳಲ್ಲಿ ಬಂಡೆಗಳ ಹೆಸರೂ ವಯಸ್ಸೂ ಬರೆದಿವೆ. ನೆತ್ತಿಯಲ್ಲಿ ಅತ್ಯಂತ ಪುರಾತನ ಗ್ರಾನೈಟ್, ಇಳಿದಂತೆಲ್ಲ ಎಳೆಯ ಸುಣ್ಣಕಲ್ಲು. ಭೂಮಿ ಒಳಗಿನಿಂದ ಎತ್ತಿ ಒಡ್ಡಿದ ಬೆಟ್ಟವಾದ್ದರಿಂದ ಈ ತಲೆಕೆಳಗು. ನಮ್ಮ ನಿಧಾನಕ್ಕೆ ಒಂದು ಫಲಕವೂ ತಪ್ಪಲಿಲ್ಲ.

ಕೋಡಿ ಊರು ದಾಟಿ, ಸಿಲ್ವನ್ ಕಣಿವೆಬಾಯಿ ಹತ್ತಿ ಇಳಿದರೆ ಯೆಲ್ಲೊಸ್ಟೋನ್ ಸರೋವರ, 7,733 ಅಡಿ ಎತ್ತರದಲ್ಲಿ. ಅದರ ಬಳಿಯ ಫಿಶಿಂಗ್ ಬ್ರಿಜ್ ತಂಗುದಾಣದಲ್ಲಿ ಬಟ್ಟೆಯ ಡೇರೆಗೆ ಅನುಮತಿಯಿಲ್ಲ. ಗ್ರಿಜ್ಲಿ ಕರಡಿಗಳ ನಾಡಾದ್ದರಿಂದ ಗಟ್ಟಿ ಗೋಡೆಯ ಗಾಡಿಗಳಿಗಷ್ಟೇ ಜಾಗ. ಈ ಎತ್ತರದಲ್ಲಿ ನೀರು 92 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಗ ಬೇಯುವುದಿಲ್ಲ. ಅಲ್ಲಿ ನಮ್ಮ ಪ್ರೆಶರ್ ಕುಕ್ಕರ್ ಗೆದ್ದಿತು. ಮೂರು ಕೂಗಿಗೆ ತೊಗರಿಬೇಳೆ ಕರಗಿ, ಕಾಡಿನ ತಣ್ಣನೆಯ ಸಂಜೆಯಲ್ಲಿ ಬಿಸಿಬೇಳೆಬಾತಿನ ಘಮ ಹರಡಿತು.

ಮರುದಿನ ಹೇಡನ್ ಕಣಿವೆಯಲ್ಲಿ ಬೈಸನ್‌ಗಳ ಹಿಂಡು ರಸ್ತೆಗಿಳಿಯಿತು. ಎಂಜಿನ್ ನಿಲ್ಲಿಸಿ ಕುಳಿತೆವು. ಒಂದು ಗಂಡು ನಮ್ಮ ಪಕ್ಕದ ಕಿಟಕಿಯುದ್ದಕ್ಕೂ ಸಾಗಿತು. ಗಾಡಿಯ ನೆಲ ಅಷ್ಟು ತಗ್ಗಾದ್ದರಿಂದ ಅದರ ಕಣ್ಣು ನನ್ನ ಕಣ್ಣಿನ ಮಟ್ಟಕ್ಕೇ ಬಂತು: ಕಂದು ಗುಡ್ಡೆ, ರೆಪ್ಪೆಯ ಮೇಲೆ ಧೂಳು, ಭುಜದಿಂದ ಕಿತ್ತು ಜೋತಾಡುವ ಹಳೆಯ ಉಣ್ಣೆ. ಅದರ ಉಸಿರಿಗೆ ಗಾಜು ಮಂಜಾಯಿತು.

ಹೊಸ ವಾಹನಗಳು ದೇಶವನ್ನು ನಯಮಾಡಿ ತೋರಿಸುತ್ತವೆ. ಏರು, ಗಾಳಿ, ಎತ್ತರ, ಸೆಕೆ ಯಾವುದೂ ಒಳಗೆ ಕುಳಿತವರಿಗೆ ತಟ್ಟುವುದಿಲ್ಲ. ಹಳೆಯ ಗಾಡಿ ಇವುಗಳಲ್ಲಿ ಒಂದನ್ನೂ ಬಚ್ಚಿಡದು. ಮಿಸೌರಿಯಿಂದ ಬಿಗ್‌ಹಾರ್ನ್‌ವರೆಗಿನ ನೆಲ ನನಗೆ ಇಂದು ನೆನಪಿರುವುದು ದೃಶ್ಯವಾಗಿ ಮಾತ್ರವಲ್ಲ; ಎಲ್ಲಿ ದನಿ ದಪ್ಪವಾಯಿತು, ಎಲ್ಲಿ ಅಂಗಾಲು ಬಿಸಿಯಾಯಿತು ಎಂಬುದಾಗಿ. ಇಂಥ ಗಾಡಿ ಮನೆಯಲ್ಲಿದ್ದವರು ಅದನ್ನು ನಿಲ್ಲಿಸಿಡಬಾರದು. ನಿಂತರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಅಂಟಾಗುತ್ತದೆ, ಸೀಲುಗಳು ಒಣಗುತ್ತವೆ, ಟೈರು ಬಿರಿಯುತ್ತದೆ. ಓಡಿಸಿದಷ್ಟೂ ಅದು ಗಟ್ಟಿಯಾಗಿರುತ್ತದೆ, ಓಡಿಸುವವರಿಗೆ ನೆಲದ ಪರಿಚಯವೂ ಬೆಳೆಯುತ್ತದೆ. ಗೆಳೆಯ ದಂಪತಿ ಅಲ್ಲಿಂದ ಆರೆಗನ್ನಿನ ಕಡಲತೀರಕ್ಕೆ ಸಾಗಿದರು. ಮುಂದಿನ ಬೇಸಿಗೆಗೆ ದಕ್ಷಿಣದ ದಾರಿಯ ನಕ್ಷೆ ಆಗಲೇ ಮೇಜಿನ ಮೇಲಿತ್ತು.