ಇನ್ನೂರ ಐವತ್ತೊಂದನೆಯ ಮಗು

ಬೇಸಿಗೆ ರಜೆಯ ಕೊನೆಯ ವಾರಗಳಲ್ಲಿ ಚೆನ್ನೈನ ಪ್ಯಾರೀಸ್ ಕಾರ್ನರಿನಲ್ಲಿ ಕಾಲಿಡಲು ಜಾಗ ಸಿಗುವುದು ಕಷ್ಟ. ಎನ್.ಎಸ್.ಸಿ. ಬೋಸ್ ರಸ್ತೆಯ ಒಳಗಿರುವ ಆಂಡರ್ಸನ್ ಬೀದಿ ಕಾಗದದವರ ಬೀದಿ. ಮದುವೆ ಕರೆಯೋಲೆ, ಲೆಡ್ಜರು, ಡೈರಿ ಎಲ್ಲವೂ ಅಲ್ಲಿ ಸಗಟು ದರಕ್ಕೆ ಸಿಗುತ್ತವೆ. ಶಾಲೆ ತೆರೆಯುವ ಹೊತ್ತಿಗೆ ನೋಟ್‌ಬುಕ್ಕಿನ ಕಟ್ಟುಗಳದೇ ರಾಜ್ಯ. ಡಜನ್‌ಗೆ ನಾಲ್ಕು ರೂಪಾಯಿ ಕಡಿಮೆ ಮಾಡಿಸಲು ಅಪ್ಪಂದಿರು ಮೂರು ಅಂಗಡಿ ಹತ್ತಿ ಇಳಿಯುತ್ತಾರೆ. ಹಾಳೆ ಎಣಿಸುತ್ತಾರೆ, ರಟ್ಟು ಬಗ್ಗಿಸಿ ನೋಡುತ್ತಾರೆ, ಬಿಲ್ಲು ಕೇಳುತ್ತಾರೆ.

ಇದೇ ಅಪ್ಪ ಅಮ್ಮಂದಿರನ್ನು, ನಿಮ್ಮ ಮಗುವಿನ ಸರ್ಕಾರಿ ಶಾಲೆಗೆ ವರ್ಷಕ್ಕೆ ಎಷ್ಟು ದುಡ್ಡು ಬರುತ್ತದೆ, ಯಾರು ಕೊಡುತ್ತಾರೆ ಎಂದು ಕೇಳಿದರೆ ಬಹುತೇಕರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಆ ದುಡ್ಡಿನಲ್ಲಿ ಅವರದೂ ಪಾಲಿದೆ. ಒಂದು ಲಕ್ಷ ರೂಪಾಯಿ ಆದಾಯ ತೆರಿಗೆ ಕಟ್ಟುವ ವ್ಯಾಪಾರಿ ಅದರ ಮೇಲೆ ನಾಲ್ಕು ಸಾವಿರ ರೂಪಾಯಿಯ ‘ಆರೋಗ್ಯ ಮತ್ತು ಶಿಕ್ಷಣ ಸೆಸ್’ ಕಟ್ಟುತ್ತಾನೆ. 2004ರಲ್ಲಿ ಶೇ 2ರಷ್ಟಿದ್ದ ಶಿಕ್ಷಣ ಸೆಸ್ 2007ರಲ್ಲಿ ಶೇ 3 ಆಯಿತು, 2018ರಲ್ಲಿ ಆರೋಗ್ಯವನ್ನೂ ಕೂಡಿಸಿಕೊಂಡು ಶೇ 4ಕ್ಕೆ ಏರಿತು. ಮಾಮೂಲು ತೆರಿಗೆಯಲ್ಲಿ ಶೇ 41ರಷ್ಟನ್ನು ರಾಜ್ಯಗಳಿಗೆ ಹಂಚಬೇಕು. ಸೆಸ್‌ಗೆ ಆ ಹಂಚಿಕೆ ಇಲ್ಲ. ಅದು ಪೂರ್ತಿ ಕೇಂದ್ರದ ಕೈಯಲ್ಲೇ ಉಳಿದು, ಯೋಜನೆಗಳ ರೂಪದಲ್ಲಿ ರಾಜ್ಯಕ್ಕೆ ಇಳಿಯುತ್ತದೆ. ಯೋಜನೆ ಎಂದ ಮೇಲೆ ಷರತ್ತು ಇದ್ದೇ ಇರುತ್ತದೆ. ಜಗಳ ಹುಟ್ಟುವುದು ಅಲ್ಲಿಂದ.

ಆ ಜಗಳದ ಭೂಗೋಳ ವಿಚಿತ್ರವಾಗಿದೆ. 1788ರಲ್ಲಿ ಇಲ್ಲಿ ವ್ಯಾಪಾರ ಆರಂಭಿಸಿದ ಥಾಮಸ್ ಪ್ಯಾರಿಯ ಹೆಸರು ಹೊತ್ತ ಈ ಮೂಲೆಯಲ್ಲಿ ನಿಂತರೆ ಎದುರಿಗೆ ಮದ್ರಾಸ್ ಹೈಕೋರ್ಟಿನ ಕೆಂಪು ಗೋಪುರಗಳು ಕಾಣುತ್ತವೆ. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ನಡೆದರೆ ಸೇಂಟ್ ಜಾರ್ಜ್ ಕೋಟೆ, ಅಂದರೆ ತಮಿಳುನಾಡು ಸರ್ಕಾರದ ಸಚಿವಾಲಯ. ಶಾಲೆಗೆ ಹೋಗುವ ದುಡ್ಡಿನ ಆದೇಶ ಹೊರಡುವುದು ಕೋಟೆಯಿಂದ. ಆ ದುಡ್ಡು ಬರಲಿಲ್ಲ ಎಂಬ ದೂರು ಬಂದು ನಿಂತದ್ದು ಕೋರ್ಟಿನಲ್ಲಿ.

ಮೊದಲು ದುಡ್ಡಿನ ದಾರಿ. ಸಂವಿಧಾನದಲ್ಲಿ ಶಿಕ್ಷಣ ರಾಜ್ಯಗಳ ಪಟ್ಟಿಯಲ್ಲಿತ್ತು. ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ (1976) ಅದನ್ನು ಸಮವರ್ತಿ ಪಟ್ಟಿಗೆ ತಂದಿತು, ಅಂದರೆ ಅಡುಗೆಮನೆಗೆ ಇಬ್ಬರು ಯಜಮಾನರಾದರು. ಇಂದು ಈ ಇಬ್ಬರ ಜಂಟಿ ಖಾತೆಯ ಹೆಸರು ‘ಸಮಗ್ರ ಶಿಕ್ಷಣ’. ಸರ್ವ ಶಿಕ್ಷಣ ಅಭಿಯಾನ, ಮಾಧ್ಯಮಿಕ ಶಿಕ್ಷಣ ಅಭಿಯಾನ ಮತ್ತು ಶಿಕ್ಷಕರ ತರಬೇತಿ ಯೋಜನೆಗಳನ್ನು ಒಂದಾಗಿಸಿ 2018ರಲ್ಲಿ ಇದನ್ನು ಆರಂಭಿಸಲಾಯಿತು. ಕರ್ನಾಟಕ, ತಮಿಳುನಾಡಿನಂಥ ರಾಜ್ಯಗಳಲ್ಲಿ ನೂರು ರೂಪಾಯಿ ಖರ್ಚಿಗೆ ಕೇಂದ್ರ 60, ರಾಜ್ಯ 40 ಹಾಕಬೇಕು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಕೇಂದ್ರದ್ದೇ 90. ರಾಜ್ಯವು ವರ್ಷಕ್ಕೊಮ್ಮೆ ತನ್ನ ಕಾರ್ಯಯೋಜನೆ ಮತ್ತು ಬಜೆಟ್ ಬರೆದುಕೊಂಡು ದಿಲ್ಲಿಗೆ ಹೋಗುತ್ತದೆ. ಅಲ್ಲಿ ಯೋಜನಾ ಅನುಮೋದನಾ ಮಂಡಳಿ ಒಂದೊಂದು ಬಾಬ್ತನ್ನೂ ನೋಡಿ ಒಪ್ಪುತ್ತದೆ ಅಥವಾ ಕತ್ತರಿಸುತ್ತದೆ. ಆ ಸಭೆಯ ನಡಾವಳಿ ಗುಟ್ಟಿನದಲ್ಲ, ಸಾರ್ವಜನಿಕರಿಗೆ ಸಿಗುತ್ತದೆ. ಓದುವವರು ಕಡಿಮೆ, ಅಷ್ಟೇ.

ಈ ದುಡ್ಡು ಶಾಲೆಯ ಬಾಗಿಲಿಗೆ ಬರುವಾಗ ಹೇಗಿರುತ್ತದೆ? ಹೆಡ್‌ಮಾಸ್ಟರರ ಕೈಗೆ ನೇರವಾಗಿ ಸಿಗುವುದು ‘ಶಾಲಾ ಸಂಯುಕ್ತ ಅನುದಾನ’. ಸೀಮೆಸುಣ್ಣ, ಕರೆಂಟ್ ಬಿಲ್ಲು, ಮುರಿದ ಕಿಟಕಿ, ಶೌಚಾಲಯದ ನಲ್ಲಿ ಎಲ್ಲವೂ ಇದರಲ್ಲೇ ನಡೆಯಬೇಕು. ಯೋಜನೆಯ ಮಾನದಂಡದ ಪ್ರಕಾರ 30ರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ ₹10,000, 100ರವರೆಗೆ ₹25,000, 250ರವರೆಗೆ ₹50,000, ಸಾವಿರದವರೆಗೆ ₹75,000, ಅದಕ್ಕೂ ಮೇಲೆ ಒಂದು ಲಕ್ಷ. ಕನಿಷ್ಠ ಹತ್ತರಲ್ಲೊಂದು ಪಾಲು ಸ್ವಚ್ಛತೆಗೇ ಹೋಗಬೇಕು.

ಲೆಕ್ಕ ಹಾಕಿ ನೋಡಬಹುದು. 250 ಮಕ್ಕಳ ಶಾಲೆಗೆ ಐವತ್ತು ಸಾವಿರ ಎಂದರೆ ಮಗುವಿಗೆ ವರ್ಷಕ್ಕೆ ಇನ್ನೂರು ರೂಪಾಯಿ. ಶಾಲೆ ಇನ್ನೂರು ದಿನ ನಡೆದರೆ ದಿನಕ್ಕೆ ಒಂದು ರೂಪಾಯಿ. ಇನ್ನೂರ ಐವತ್ತೊಂದನೆಯ ಮಗು ದಾಖಲಾದ ದಿನ ಇದೇ ಶಾಲೆಯ ಅರ್ಹತೆ ₹75,000ಕ್ಕೆ ಜಿಗಿಯುತ್ತದೆ. ಒಂದು ಮಗುವಿನ ಬೆಲೆ ಇಪ್ಪತ್ತೈದು ಸಾವಿರ! ಸಣ್ಣ ಊರಿನ ಶಾಲೆಯಲ್ಲಿ ಮೂವತ್ತೊಂದನೆಯ ಮಗುವಿಗೂ ಇಂಥದೇ ಮಹಿಮೆ. ಜೂನ್ ತಿಂಗಳಲ್ಲಿ ಶಿಕ್ಷಕರು ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದರ ಹಿಂದೆ ಶಿಕ್ಷಣ ಪ್ರೇಮದ ಜೊತೆಗೆ ಈ ಗಣಿತವೂ ಇರುತ್ತದೆ. ಸುಳ್ಳು ಹೆಸರು ಸೇರಿಸುವ ಆಸೆ ಹುಟ್ಟುವುದೂ ಇಲ್ಲೇ. ಹಾಗಾಗಿಯೇ 2022-23ರಿಂದ ‘ಯುಡೈಸ್ ಪ್ಲಸ್’ ಎಂಬ ರಾಷ್ಟ್ರೀಯ ದತ್ತಾಂಶ ವ್ಯವಸ್ಥೆ ಶಾಲೆಯ ಒಟ್ಟು ತಲೆ ಎಣಿಕೆಯನ್ನು ಬಿಟ್ಟು ಒಂದೊಂದು ಮಗುವಿನ ವಿವರವನ್ನೂ ಬೇರೆಬೇರೆಯಾಗಿ ಕೇಳತೊಡಗಿತು.

ಉಳಿದ ಬಾಬ್ತುಗಳೂ ಇಂಥವೇ: ಸಮವಸ್ತ್ರಕ್ಕೆ ಮಗುವಿಗೆ ₹600, ಪ್ರಾಥಮಿಕ ತರಗತಿಯ ಪಠ್ಯಪುಸ್ತಕಕ್ಕೆ ₹250, ಪ್ರಾಥಮಿಕ ಶಾಲೆಯ ಆಟದ ಸಾಮಾನಿಗೆ ₹5,000. ಬಿಸಿಯೂಟ ಬೇರೆ ಖಾತೆಯದು. 2025ರ ಮೇಯಿಂದ ಪ್ರಾಥಮಿಕ ಮಗುವಿನ ಒಂದು ಊಟದ ಬೇಳೆ, ತರಕಾರಿ, ಎಣ್ಣೆ, ಸೌದೆಗೆ ನಿಗದಿಯಾಗಿರುವುದು ₹6.78. ಅಕ್ಕಿಯನ್ನು ಕೇಂದ್ರವೇ ಕೊಡುತ್ತದೆ. ಆ ₹6.78ರಲ್ಲಿ ದಿಲ್ಲಿಯದು ನಾಲ್ಕು ರೂಪಾಯಿ ಚಿಲ್ಲರೆ, ಉಳಿದದ್ದು ರಾಜ್ಯದ್ದು. ಮೊಟ್ಟೆ, ಬಾಳೆಹಣ್ಣು ಬೇಕೆಂದರೆ ರಾಜ್ಯ ಸ್ವಂತ ಜೇಬಿನಿಂದ ಹಾಕಿಕೊಳ್ಳಬೇಕು.

ಊಟದ ವಿಷಯದಲ್ಲಿ ಈ ಊರಿಗೆ ಹಳೆಯ ನೆನಪೊಂದಿದೆ. 1920ರಲ್ಲಿ ಮದ್ರಾಸ್ ಕಾರ್ಪೊರೇಷನ್, ಪಿಟ್ಟಿ ತ್ಯಾಗರಾಯ ಚೆಟ್ಟಿ ಅಧ್ಯಕ್ಷರಾಗಿದ್ದಾಗ, ಥೌಸಂಡ್ ಲೈಟ್ಸ್‌ನ ತನ್ನ ಶಾಲೆಯ ಮಕ್ಕಳಿಗೆ ತಲೆಗೆ ಒಂದಾಣೆ ಮೀರದಂತೆ ತಿಂಡಿ ಕೊಡಲು ನಿರ್ಣಯಿಸಿತು. ಆಮೇಲೆ ಇನ್ನೂ ಕೆಲವು ಶಾಲೆಗಳಿಗೆ ಅದು ಹರಡಿತು. 1925ರಲ್ಲಿ ನಿಂತುಹೋಯಿತು. ಪ್ರಾಥಮಿಕ ಶಿಕ್ಷಣ ನಿಧಿಯ ದುಡ್ಡನ್ನು ಊಟಕ್ಕೆ ಬಳಸುವಂತಿಲ್ಲ ಎಂದು ಮೇಲಿನ ಸರ್ಕಾರ ಹೇಳಿತ್ತು. ನೂರು ವರ್ಷದ ಹಿಂದಿನ ಆ ಆಕ್ಷೇಪಣೆಯ ಭಾಷೆಯನ್ನು ಇವತ್ತಿನ ಕಡತಗಳಲ್ಲೂ ಗುರುತು ಹಿಡಿಯಬಹುದು.

ಈಗ 2024ರ ಕಥೆಗೆ ಬರೋಣ. ಕೇಂದ್ರವು 2022ರಲ್ಲಿ ‘ಪಿಎಂ ಶ್ರೀ’ ಎಂಬ ಇನ್ನೊಂದು ಯೋಜನೆ ತಂದಿತ್ತು. ದೇಶದ 14,500 ಶಾಲೆಗಳನ್ನು ಹೊಸ ಶಿಕ್ಷಣ ನೀತಿಯ ಮಾದರಿ ಶಾಲೆಗಳನ್ನಾಗಿ ಮಾಡುವುದು ಅದರ ಉದ್ದೇಶ. ಅದಕ್ಕೆ ಸೇರಲು ರಾಜ್ಯ ಒಪ್ಪಂದಕ್ಕೆ ಸಹಿ ಹಾಕಬೇಕು, ಸಹಿ ಹಾಕಿದರೆ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಒಪ್ಪಿದಂತೆ. 1968ರಿಂದ ದ್ವಿಭಾಷಾ ಸೂತ್ರವನ್ನು ಹಿಡಿದು ಕುಳಿತಿರುವ ತಮಿಳುನಾಡು, ಮೂರು ಭಾಷೆಯ ನೀತಿಗೆ ಸಹಿ ಹಾಕುವುದಿಲ್ಲ ಎಂದಿತು. ರಾಜ್ಯದ ಮುಖ್ಯ ಕಾರ್ಯದರ್ಶಿಯೇ 2024ರ ಮಾರ್ಚ್‌ನಲ್ಲಿ ಪತ್ರ ಬರೆದು ಸಹಿ ಹಾಕುವ ಇಂಗಿತ ತೋರಿದ್ದರಲ್ಲ ಎಂಬುದು ಕೇಂದ್ರದ ವಾದ. ಸಮಗ್ರ ಶಿಕ್ಷಣ ಬೇರೆ, ಪಿಎಂ ಶ್ರೀ ಬೇರೆ, ಒಂದಕ್ಕೆ ಒಪ್ಪಲಿಲ್ಲವೆಂದು ಇನ್ನೊಂದರ ಕಂತು ಹಿಡಿಯುವುದು ಹೇಗೆ ಎಂಬುದು ರಾಜ್ಯದ ಪ್ರಶ್ನೆ. ಅಷ್ಟರಲ್ಲಿ 2024-25ನೇ ಸಾಲಿನ ಕೇಂದ್ರದ ಪಾಲು, ಸುಮಾರು ₹2,152 ಕೋಟಿ, ಬರಲೇ ಇಲ್ಲ.

ಆ ವರ್ಷ ತಮಿಳುನಾಡು ಶಾಲಾ ಶಿಕ್ಷಣಕ್ಕೆ ತೆಗೆದಿಟ್ಟದ್ದು ₹44,042 ಕೋಟಿ. ಅದರ ಮುಂದೆ ₹2,152 ಕೋಟಿ ನೂರಕ್ಕೆ ಐದು ರೂಪಾಯಿ. ಐದು ರೂಪಾಯಿಗೆ ಇಷ್ಟು ಗದ್ದಲವೇ ಎನ್ನಿಸಬಹುದು. ಆದರೆ ಉಳಿದ ಹಣದ ಬಹುಭಾಗ ಸಂಬಳ, ಪಿಂಚಣಿಗಳಲ್ಲಿ ಕಟ್ಟಿಹೋಗಿರುತ್ತದೆ. ಅಂಗವಿಕಲ ಮಕ್ಕಳ ವಿಶೇಷ ಶಿಕ್ಷಕರು, ಶಾಲಾ ಅನುದಾನ, ತರಬೇತಿ, ದೂರದ ಮಕ್ಕಳ ಪ್ರಯಾಣ ಭತ್ಯೆ, ಇಂಥವು ನಡೆಯುವುದು ಆ ಐದು ರೂಪಾಯಿಯಲ್ಲಿ. ಕೊಡುವವನ ಪಾಲು ಚಿಕ್ಕದಾದರೂ ಮಾತು ದೊಡ್ಡದಾಗುವುದು ಹೀಗೆ. ಅಮೆರಿಕದಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವ ಕನ್ನಡ ಕುಟುಂಬಗಳಿಗೂ ಇದು ಗೊತ್ತಿರುವ ಕಥೆ. ಅಲ್ಲಿ ಶಾಲಾ ವೆಚ್ಚದಲ್ಲಿ ಫೆಡರಲ್ ಸರ್ಕಾರದ ಪಾಲು ಹತ್ತರಲ್ಲೊಂದರ ಆಸುಪಾಸು. 2002ರಲ್ಲಿ ಜಾರಿಯಾದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾನೂನು ಆ ಸಣ್ಣ ಪಾಲನ್ನೇ ಹಿಡಿದು, ಮೂರರಿಂದ ಎಂಟನೇ ತರಗತಿಯ ಎಲ್ಲ ಮಕ್ಕಳಿಗೂ ಪ್ರತಿ ವರ್ಷ ಪರೀಕ್ಷೆ ಮಾಡಿಸಿತು.

2025ರ ಮೇಯಲ್ಲಿ ತಮಿಳುನಾಡು ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿ, ಬಡ್ಡಿ ಸೇರಿ ₹2,291 ಕೋಟಿ ಕೊಡಿಸಬೇಕೆಂದು ಕೇಳಿತು. ಸುಮಾರು 44 ಲಕ್ಷ ಮಕ್ಕಳಿಗೆ ತೊಂದರೆಯಾಗಿದೆ ಎಂದು ದಾವೆಯಲ್ಲಿ ಹೇಳಿತು. ಪ್ಯಾರೀಸ್ ಕಾರ್ನರಿನ ಹೈಕೋರ್ಟಿಗೆ ಬಂದದ್ದು ಅದಕ್ಕಿಂತ ಚಿಕ್ಕ, ಆದರೆ ಮನೆಮಂದಿಗೆ ಹತ್ತಿರದ ವಿಷಯ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳು ಪ್ರವೇಶ ತರಗತಿಯಲ್ಲಿ ನಾಲ್ಕರಲ್ಲೊಂದು ಸೀಟನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಉಚಿತವಾಗಿ ಕೊಡಬೇಕು. ಆ ಮಕ್ಕಳ ಖರ್ಚನ್ನು ಸರ್ಕಾರ ಶಾಲೆಗೆ ಮರುಪಾವತಿ ಮಾಡಬೇಕು. ಪ್ರತಿ ವರ್ಷ ಬೇಸಿಗೆಯಲ್ಲಿ ಶುರುವಾಗುತ್ತಿದ್ದ ಆ ಸೀಟುಗಳ ಅರ್ಜಿ ಸ್ವೀಕಾರ 2025ರಲ್ಲಿ ಶುರುವಾಗಲಿಲ್ಲ. ಸಮಗ್ರ ಶಿಕ್ಷಣದ ಮೂಲಕ ಬರಬೇಕಾದ ಕೇಂದ್ರದ ಹಣ ಬಂದಿಲ್ಲ ಎಂಬುದು ರಾಜ್ಯ ಕೊಟ್ಟ ಕಾರಣ.

ಜೂನ್‌ನಲ್ಲಿ ಹೈಕೋರ್ಟ್ ಇಬ್ಬರಿಗೂ ಒಂದೊಂದು ಮಾತು ಹೇಳಿತು. ಕೇಂದ್ರಕ್ಕೆ: ಶಿಕ್ಷಣ ಹಕ್ಕಿನ ಬಾಬ್ತಿನ ಹಣವನ್ನು ಹೊಸ ಶಿಕ್ಷಣ ನೀತಿಗೆ ಗಂಟು ಹಾಕಬೇಕಾಗಿಲ್ಲ, ಅದನ್ನು ಬಿಡುಗಡೆ ಮಾಡುವುದನ್ನು ಪರಿಗಣಿಸಿ. ರಾಜ್ಯಕ್ಕೆ: ದಿಲ್ಲಿಯಿಂದ ಬರಲಿಲ್ಲ ಎಂದು ಹೇಳಿ ಶಾಲೆಗಳಿಗೆ ಮರುಪಾವತಿ ಮಾಡುವ ಹೊಣೆಯಿಂದ ನೀವು ತಪ್ಪಿಸಿಕೊಳ್ಳುವಂತಿಲ್ಲ. ಪೋಷಕರ ದೃಷ್ಟಿಯಿಂದ ಎರಡನೆಯ ಮಾತೇ ಹೆಚ್ಚು ತೂಕದ್ದು. ಮಗುವಿನ ಹಕ್ಕಿಗೆ ಮೊದಲ ಸಾಲಗಾರ ಯಾರು ಎಂಬುದನ್ನು ಅದು ಹೇಳುತ್ತದೆ.

ಕರ್ನಾಟಕದವರು ಇಲ್ಲಿ ಬೀಗುವಂತಿಲ್ಲ. ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಉಚಿತ ಸೀಟು ಇಲ್ಲ ಎಂದು ಕರ್ನಾಟಕ ಸರ್ಕಾರ ತನ್ನ ನಿಯಮವನ್ನೇ ಬದಲಿಸಿತು, 2019ರಲ್ಲಿ ರಾಜ್ಯದ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾಸರಗೋಡಿನ ಕನ್ನಡಿಗರ ರಾಜ್ಯವಾದ ಕೇರಳವೂ ಪಿಎಂ ಶ್ರೀಗೆ ಬಹುಕಾಲ ಬೇಡವೆಂದು, 2025ರ ಅಕ್ಟೋಬರಿನಲ್ಲಿ ಸಹಿ ಹಾಕಿ, ಮಿತ್ರಪಕ್ಷ ಸಿಡುಕಿದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು.

ದಿಲ್ಲಿ, ಕೋಟೆ, ಕೋರ್ಟುಗಳ ನಡುವಿನ ಈ ಹಗ್ಗಜಗ್ಗಾಟದಲ್ಲಿ ತಾಯಿತಂದೆಯ ಕೈಗೆ ಸಿಗುವ ತುದಿ ಯಾವುದು? ಕಾನೂನು ಒಂದು ತುದಿ ಕೊಟ್ಟಿದೆ, ಶಾಲಾ ನಿರ್ವಹಣಾ ಸಮಿತಿ. ಕರ್ನಾಟಕದಲ್ಲಿ ಎಲ್ಲರ ಬಾಯಲ್ಲೂ ಅದು ‘ಎಸ್‌ಡಿಎಂಸಿ’. ವಿಜ್ಞಾನಿ ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನಂತೆ ಕರ್ನಾಟಕ 2001ರಲ್ಲೇ, ಕೇಂದ್ರದ ಕಾಯ್ದೆಗೆ ಎಂಟು ವರ್ಷ ಮೊದಲೇ, ಇವನ್ನು ರಚಿಸಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು. ಬಂದ ಅನುದಾನ ಹೇಗೆ ಖರ್ಚಾಯಿತು ಎಂದು ನೋಡುವುದು ಅದರ ಕೆಲಸಗಳಲ್ಲೊಂದು. ತಮಿಳುನಾಡು 2022ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲೆಲ್ಲ ಇವನ್ನು ಹೊಸದಾಗಿ ರಚಿಸಿತು.

ಕಾಗದದಲ್ಲಿರುವ ಈ ಅಧಿಕಾರ ನಡೆಯುವುದು ಮಾತ್ರ ಬೇರೆ ರೀತಿ. ಎಷ್ಟೋ ಕಡೆ ಸಭೆಯೆಂದರೆ ಸಹಿ ಪುಸ್ತಕ ಮನೆಗೇ ಬರುತ್ತದೆ. ಕೂಲಿ ಬಿಟ್ಟು ಬಂದ ತಾಯಿಗೆ, ಮೇಷ್ಟ್ರ ಎದುರು ಕುಳಿತು ‘ಐವತ್ತು ಸಾವಿರದಲ್ಲಿ ಸ್ವಚ್ಛತೆಯ ಐದು ಸಾವಿರ ಎಲ್ಲಿ?’ ಎಂದು ಕೇಳುವುದು ಸುಲಭವಲ್ಲ. ಮೇಷ್ಟ್ರ ಕಷ್ಟವೂ ಇದೆ. ಕಂತು ಮಾರ್ಚ್ ಹೊತ್ತಿಗೆ ಬಂದರೆ, ವರ್ಷವಿಡೀ ಸೀಮೆಸುಣ್ಣಕ್ಕೆ ಸ್ವಂತ ದುಡ್ಡು ಹಾಕಿದವರು ಅವರೇ ಆಗಿರುತ್ತಾರೆ. ಹಾಗಾಗಿ ಮೊದಲು ಕೇಳಬೇಕಾದ್ದು ‘ಎಷ್ಟು ಖರ್ಚಾಯಿತು’ ಎಂದಲ್ಲ, ‘ಎಷ್ಟು ಬಂತು, ಯಾವಾಗ ಬಂತು’ ಎಂದು. ಪಾಸ್‌ಬುಕ್ಕಿನ ಒಂದು ಪುಟ ಸಾಕು. ಶಾಲೆ ಕೊಡದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಇದೆ.

2025ರ ಅಕ್ಟೋಬರ್ ಆರಂಭದಲ್ಲಿ ಕೇಂದ್ರದಿಂದ ಶಿಕ್ಷಣ ಹಕ್ಕಿನ ಬಾಬ್ತಿನ ಹಣ ಬಂದ ಮೇಲೆ ತಮಿಳುನಾಡು ಆ ವರ್ಷದ ಉಚಿತ ಸೀಟಿನ ಪ್ರಕ್ರಿಯೆ ಆರಂಭಿಸಿತು. ಜೂನ್‌ನಲ್ಲೇ ಶಾಲೆ ಶುರುವಾಗಿದ್ದರಿಂದ, ಅದಾಗಲೇ ಎಲ್‌ಕೆಜಿ ಅಥವಾ ಒಂದನೇ ತರಗತಿಗೆ ಸೇರಿದ್ದ ಮಕ್ಕಳ ಪೈಕಿ ಅರ್ಹರನ್ನು ಆರಿಸಿ, ಕಟ್ಟಿಸಿಕೊಂಡ ಶುಲ್ಕವನ್ನು ವಾಪಸು ಕೊಡಬೇಕೆಂದಾಯಿತು. ಜೂನ್‌ನಲ್ಲಿ ಆ ಶುಲ್ಕ ಕಟ್ಟಲಾಗದೆ ಬಾಗಿಲಿಗೇ ಬರದ ಮಗು ಈ ಲೆಕ್ಕದಲ್ಲಿ ಇರಲಿಲ್ಲ. ಆಂಡರ್ಸನ್ ಬೀದಿಗೆ ಆ ಹೊತ್ತಿಗೆ ಮುಂದಿನ ವರ್ಷದ ಡೈರಿ, ಕ್ಯಾಲೆಂಡರುಗಳ ಕಾಲ.