ಮುಖದ ಬಣ್ಣ ಮುಖದ್ದೇ ಆಗಿರಲಿ

ಹಿರಿಯರು ತೀರಿಕೊಂಡ ಮೇಲೆ ಗೋಡೆಗೆ ಹಾಕಲು ಒಂದು ಭಾವಚಿತ್ರ ಬೇಕಾಗುತ್ತದೆ. ಹುಡುಕಿದಾಗ ಸಿಗುವುದು ಯಾವುದೋ ಮದುವೆಯಲ್ಲಿ ಕೆಂಪು ಶಾಮಿಯಾನದ ಕೆಳಗೆ ತೆಗೆದ ಗುಂಪುಚಿತ್ರ. ಅದರಲ್ಲಿ ಎಲ್ಲರ ಮುಖಕ್ಕೂ ಒಂದೇ ಕೆಂಪು. ಟ್ಯೂಬ್‌ಲೈಟಿನ ಕೆಳಗೆ ತೆಗೆದದ್ದಾದರೆ ಕೆನ್ನೆಯಲ್ಲಿ ಹಸಿರು ಛಾಯೆ. ದೋಷ ಕ್ಯಾಮೆರಾದ್ದೆಂದು ಹೊಸದನ್ನು ಕೊಳ್ಳುವವರಿದ್ದಾರೆ. ಅದು ದುಡ್ಡು ದಂಡ. ಗಮನ ಕೊಡಬೇಕಾದದ್ದು ಬೆಳಕಿನ ಕಡೆಗೆ, ಮತ್ತು ‘ವೈಟ್ ಬ್ಯಾಲೆನ್ಸ್’ ಎಂಬ ವ್ಯವಸ್ಥೆಯ ಕಡೆಗೆ.

ಬೆಳಕಿಗೂ ಬಣ್ಣವಿದೆ. ಅದನ್ನು ಕೆಲ್ವಿನ್ ಮಾನದಲ್ಲಿ ಹೇಳುತ್ತಾರೆ. ಮೇಣದಬತ್ತಿಯ ಬೆಳಕು ಸುಮಾರು 1,900 ಕೆಲ್ವಿನ್, ಹಳೆಯ ತಂತಿಯ ಬಲ್ಬಿನದು ಸುಮಾರು 2,700, ನಡುಹಗಲಿನ ಬಿಸಿಲು ಸುಮಾರು 5,500. ತಿಳಿಯಾಕಾಶದ ದಿನ ನೆರಳಿನಲ್ಲಿ ಇದು 7,000 ದಾಟುವುದುಂಟು. ಅಂಕಿ ಇಳಿದಂತೆ ಬೆಳಕು ಹಳದಿ-ಕೆಂಪಿನತ್ತ, ಏರಿದಂತೆ ನೀಲಿಯತ್ತ ವಾಲುತ್ತದೆ. ಬಲ್ಬಿನ ಕೆಳಗೂ ಬಿಳಿ ಪಂಚೆ ನಮಗೆ ಬಿಳಿಯಾಗಿಯೇ ಕಾಣುವುದು ನಮ್ಮ ಮಿದುಳು ಬೆಳಕಿನ ಬಣ್ಣವನ್ನು ಬಹುಪಾಲು ಕಳೆದು ನೋಡುವುದರಿಂದ. ಕ್ಯಾಮೆರಾ ಅದನ್ನು ಊಹಿಸಬೇಕು.

ಆ ಊಹೆಯ ಹಳೆಯ, ಸರಳ ವಿಧಾನವೆಂದರೆ ದೃಶ್ಯದ ಎಲ್ಲ ಬಣ್ಣಗಳ ಸರಾಸರಿ ಬೂದು ಎಂದು ಭಾವಿಸುವುದು. ಇಂದಿನ ಫೋನುಗಳು ಮುಖವನ್ನೂ ಗುರುತಿಸಿ ಲೆಕ್ಕ ಹಾಕುತ್ತವೆ. ಆದರೂ ಚೌಕಟ್ಟಿನ ತುಂಬ ಕೆಂಪು ರೇಷ್ಮೆ ಸೀರೆಯಿದ್ದರೆ ‘ಆಟೊ’ ಎಡವಬಹುದು. ಕೆಂಪು ಹೆಚ್ಚಾಯಿತೆಂದು ಅದನ್ನು ತಗ್ಗಿಸುತ್ತದೆ, ಸೀರೆಯೊಂದಿಗೆ ಮುಖವೂ ಕಳೆಗುಂದುತ್ತದೆ.

ಪರಿಹಾರ ಕಷ್ಟದ್ದಲ್ಲ. ವ್ಯಕ್ತಿ ಕುಳಿತ ಜಾಗದಲ್ಲಿ, ಅದೇ ಬೆಳಕಿನಲ್ಲಿ, ಛಾಯಾಗ್ರಹಣದ ಬೂದು ಕಾರ್ಡನ್ನು ಹಿಡಿದು ಒಂದು ಚಿತ್ರ ತೆಗೆಯಿರಿ. ಅದನ್ನು ಆಧಾರವಾಗಿಟ್ಟುಕೊಂಡು ‘ಕಸ್ಟಮ್’ ವೈಟ್ ಬ್ಯಾಲೆನ್ಸ್ ಹೊಂದಿಸಿ. ಕಾರ್ಡು ಇಲ್ಲದಿದ್ದರೆ ಬಿಳಿ ಕಾಗದವೂ ಆದೀತು. ಆದರೆ ಕಾಗದವನ್ನು ಬೆಳ್ಳಗಾಗಿಸಲು ಬೆರೆಸುವ ರಾಸಾಯನಿಕಗಳು ಹಗಲಿನಲ್ಲಿ ನೀಲಿ ಹೊಳಪು ಕೊಡುವುದರಿಂದ ಚಿತ್ರ ತುಸು ಹಳದಿಗೆ ತಿರುಗಬಹುದು. ‘ರಾ’ ಮಾದರಿಯಲ್ಲಿ ತೆಗೆದರೆ ಈ ಹೊಂದಾಣಿಕೆಯನ್ನು ಆಮೇಲೂ ನಷ್ಟವಿಲ್ಲದೆ ಮಾಡಬಹುದು, ಜೆಪೆಗ್‌ನಲ್ಲಿ ಅಷ್ಟು ಅವಕಾಶವಿಲ್ಲ.

ಯಾವ ಹೊಂದಾಣಿಕೆಗೂ ಬಗ್ಗದ್ದು ಮಿಶ್ರ ಬೆಳಕು. ಒಂದು ಕೆನ್ನೆಗೆ ಕಿಟಕಿಯ ನೀಲಿ, ಇನ್ನೊಂದಕ್ಕೆ ಬಲ್ಬಿನ ಹಳದಿ ಬಿದ್ದರೆ ಒಂದನ್ನು ಸರಿಪಡಿಸಿದಾಗ ಮತ್ತೊಂದು ಕೆಡುತ್ತದೆ. ಹಗಲಾದರೆ ಮನೆಯ ದೀಪಗಳನ್ನೆಲ್ಲ ಆರಿಸಿ, ಅಜ್ಜಿಯನ್ನು ಕಿಟಕಿಯ ಪಕ್ಕ ಕೂರಿಸಿ. ಹಸಿರು ಬಣ್ಣದ ಗೋಡೆ, ರೆಡ್ ಆಕ್ಸೈಡ್ ನೆಲ ಇವೂ ಮುಖದ ಮೇಲೆ ತಮ್ಮ ಬಣ್ಣ ಚೆಲ್ಲುತ್ತವೆ. ನೆಲದ ಮೇಲೊಂದು ಬಿಳಿ ಪಂಚೆ ಹಾಸಿದರೆ ಗಲ್ಲದಡಿಯ ಕೆಂಪು ತಗ್ಗುತ್ತದೆ, ಕಣ್ಣಿನ ಕೆಳಗಿನ ನೆರಳೂ ತಿಳಿಯಾಗುತ್ತದೆ. ರಾತ್ರಿಯಾದರೆ ಎಲ್‌ಇಡಿ ದೀಪದ ಪೊಟ್ಟಣದ ಮೇಲೆ ಸಿಆರ್‌ಐ ಎಂಬ ಅಂಕಿ ನೋಡಿ. ಅದು 90ಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. ಅನೇಕ ಅಗ್ಗದ ದೀಪಗಳ ಬೆಳಕಿನಲ್ಲಿ ಗಾಢ ಕೆಂಪು ಕಡಿಮೆ, ಇಲ್ಲದ ಬಣ್ಣವನ್ನು ಕ್ಯಾಮೆರಾ ಎಲ್ಲಿಂದ ತಂದೀತು?

ಇಲ್ಲೊಂದು ಹಳೆಯ ಪಕ್ಷಪಾತವನ್ನೂ ಹೇಳಬೇಕು. ಬಣ್ಣದ ಫಿಲ್ಮಿನ ಕಾಲದಲ್ಲಿ ಮುದ್ರಣಾಲಯಗಳು ಚರ್ಮದ ಬಣ್ಣ ಹೊಂದಿಸಲು ಬಳಸುತ್ತಿದ್ದ ಕೊಡ್ಯಾಕ್‌ನ ‘ಶರ್ಲಿ’ ಕಾರ್ಡುಗಳಲ್ಲಿ ದಶಕಗಳ ಕಾಲ ಬಿಳಿಯ ಮಹಿಳೆಯರ ಚಿತ್ರವೇ ಇತ್ತು. ಕಂದು ಮೈಬಣ್ಣದವರಿಗೆ ಅದರಿಂದ ನ್ಯಾಯ ಸಿಗಲಿಲ್ಲ. ಗೂಗಲ್ 2021ರಲ್ಲಿ ಪಿಕ್ಸೆಲ್ 6 ಫೋನಿನೊಂದಿಗೆ ‘ರಿಯಲ್ ಟೋನ್’ ತಂದದ್ದು ಇಂಥ ಕೊರತೆ ನೀಗಲೆಂದೇ. ಇಷ್ಟಾಗಿಯೂ ನಾವು ‘ಬ್ಯೂಟಿ’ ಗುಂಡಿ ಒತ್ತಿ ಅಜ್ಜಿಯನ್ನು ಬಿಳುಪಾಗಿಸುತ್ತೇವೆ. ಮುಖ ಕಪ್ಪಾಗಿ ಬಂದರೆ ಅನೇಕ ವೇಳೆ ಕಾರಣ ಹಿಂದಿನ ಬಿಳಿ ಗೋಡೆ. ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪ್ ಏರಿಸಿದರೆ ಸಾಕು, ಆ ಗುಂಡಿಯನ್ನು ಮುಟ್ಟುವ ಅಗತ್ಯವಿಲ್ಲ.

ತಿದ್ದುವಾಗ ಕಣ್ಣಿನ ಬಿಳುಪನ್ನೋ ಮುಡಿದ ಮಲ್ಲಿಗೆಯನ್ನೋ ‘ಬಿಳಿ’ ಎಂದು ನಂಬಬೇಡಿ. ವಯಸ್ಸಾದವರ ಕಣ್ಣಿನ ಬಿಳುಪಿನಲ್ಲಿ ಹಳದಿ ಇರುತ್ತದೆ, ಮಲ್ಲಿಗೆಯದು ಕೆನೆಬಣ್ಣ. ಹಾಗೆಯೇ ಪರದೆಯನ್ನು ಹಳದಿಯಾಗಿಸುವ ‘ನೈಟ್ ಲೈಟ್’ ಸೌಲಭ್ಯವನ್ನು ಮೊದಲು ನಿಲ್ಲಿಸಿ. ಇಲ್ಲವಾದರೆ ರಾತ್ರಿ ಸರಿಯೆನಿಸಿದ ಮುಖ ಬೆಳಗ್ಗೆ ನೀಲಿಯಾಗಿ ಕಂಡೀತು.