ಕಾಲಿನ ಸೆಳೆತಕ್ಕೆ ಮೆಗ್ನೀಶಿಯಂ ಮಾತ್ರೆ: ಯಾರಿಗೆ ಹಿತ, ಯಾರಿಗೆ ಅಹಿತ?

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಪರಿಸರದಲ್ಲಿ ನೆಲೆ ನಿಂತ ಕನ್ನಡ ಕುಟುಂಬಗಳ ಹಿರಿಯ ತಲೆಮಾರು ಇಂದು ವಿಶ್ರಾಂತ ಜೀವನದಲ್ಲಿದೆ. ಉದ್ಯೋಗ ನಿಮಿತ್ತ ಊರು ಬಿಟ್ಟು ಬಂದು, ಮೂರು ನಾಲ್ಕು ದಶಕಗಳ ಕಾಲ ಲೋಕಲ್ ರೈಲಿನಲ್ಲಿ ನಿಂತೇ ಪ್ರಯಾಣಿಸಿ, ಹೋಟೆಲಿನಲ್ಲೋ ಕಾರ್ಖಾನೆಯಲ್ಲೋ ಕಚೇರಿಯಲ್ಲೋ ದುಡಿದವರು ಇವರು. ದುಡಿಮೆ ಮುಗಿದ ಮೇಲೆ ಅನೇಕರ ಪಾಲಿಗೆ ಉಳಿದಿರುವುದು ಮಧುಮೇಹ, ರಕ್ತದೊತ್ತಡ, ಸಂಧಿವಾತಗಳಂತಹ ದೀರ್ಘಕಾಲದ ಕಾಯಿಲೆಗಳು. ಅವುಗಳ ಜೊತೆಗೆ ನಡುರಾತ್ರಿಯಲ್ಲಿ ಮೀನಖಂಡ ಹಿಡಿದುಕೊಂಡು ಜೀವ ಹಿಂಡುವ ಸೆಳೆತ.

ಈ ಸೆಳೆತಕ್ಕೆ ಮದ್ದೆಂದು ಈಚಿನ ವರ್ಷಗಳಲ್ಲಿ ಎಲ್ಲೆಡೆ ಕೇಳಿಬರುತ್ತಿರುವ ಹೆಸರು ಮೆಗ್ನೀಶಿಯಂ. ನವೆಂಬರ್ ತಿಂಗಳಲ್ಲಿ ಜೀವಿತ ಪ್ರಮಾಣಪತ್ರ ಸಲ್ಲಿಸಲು ಬ್ಯಾಂಕಿಗೆ ಬರುವ ಪಿಂಚಣಿದಾರರು ಸರದಿಗಾಗಿ ಕಾಯುತ್ತಿರುವಾಗ, ಒಬ್ಬರು ಹೇಳಿದ ಮಾತ್ರೆಯ ಹೆಸರನ್ನು ಇನ್ನೊಬ್ಬರು ಪಾಸ್‌ಬುಕ್ಕಿನ ಹಿಂಬದಿಯಲ್ಲಿ ಗುರುತು ಹಾಕಿಕೊಳ್ಳುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಅಮೆರಿಕದಲ್ಲಿರುವ ಮಗನೋ ಮಗಳೋ ರಜೆಗೆ ಬರುವಾಗ ಅಪ್ಪ ಅಮ್ಮನಿಗೆಂದು ದೊಡ್ಡ ಡಬ್ಬಿಯನ್ನೇ ತಂದುಕೊಡುವುದೂ ಉಂಟು. ಪ್ರೀತಿಯಿಂದ ಕೊಟ್ಟ ಈ ಮಾತ್ರೆ ಕೆಲವರಿಗೆ ನಿಜಕ್ಕೂ ಉಪಯುಕ್ತ, ಬಹಳಷ್ಟು ಮಂದಿಗೆ ನಿರುಪಯುಕ್ತ, ಇನ್ನು ಕೆಲವರಿಗೆ ಅಪಾಯಕಾರಿ. ತಾವು ಈ ಮೂರರಲ್ಲಿ ಯಾವ ಗುಂಪಿಗೆ ಸೇರಿದವರೆಂಬುದನ್ನು ಡಬ್ಬಿಯ ಮುಚ್ಚಳ ತೆರೆಯುವ ಮೊದಲೇ ತಿಳಿದುಕೊಳ್ಳುವುದು ಅಗತ್ಯ.

ದೇಹದಲ್ಲಿ ಮೆಗ್ನೀಶಿಯಂನ ಕೆಲಸ

ವಯಸ್ಕರ ಶರೀರದಲ್ಲಿರುವ ಒಟ್ಟು ಮೆಗ್ನೀಶಿಯಂ ಸುಮಾರು 25 ಗ್ರಾಂ ಮಾತ್ರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮೂಳೆಗಳಲ್ಲಿದೆ. ಉಳಿದದ್ದು ಬಹುತೇಕ ಮಾಂಸಖಂಡಗಳಲ್ಲಿಯೂ ಇತರ ಅಂಗಾಂಶಗಳಲ್ಲಿಯೂ ಇದೆ. ನೂರಾರು ಜೀವರಾಸಾಯನಿಕ ಕ್ರಿಯೆಗಳಿಗೆ ಇದು ನೆರವಾಗುತ್ತದೆ. ಮಾಂಸಖಂಡ ಬಿಗಿಯುವುದಕ್ಕೆ ಕ್ಯಾಲ್ಸಿಯಂ ಬೇಕು. ಬಿಗಿದದ್ದು ಸಡಿಲಗೊಳ್ಳುವುದಕ್ಕೆ ಮೆಗ್ನೀಶಿಯಂ ಸಹಕಾರಿ. ನೋವಿನ ಸಂದೇಶವನ್ನು ಸಾಗಿಸುವ ನರಕೋಶಗಳ ಕೆಲವು ದ್ವಾರಗಳಿಗೆ ಇದು ಅಗುಳಿಯಂತೆ ನಿಂತು, ನರಗಳು ಅನಗತ್ಯವಾಗಿ ಕೆರಳದಂತೆ ತಡೆಯುತ್ತದೆ. ಮೆಗ್ನೀಶಿಯಂ ತೀರಾ ಕಡಿಮೆಯಾದರೆ ಸೆಳೆತ, ನಡುಕ, ಜೋಮು, ನಿಶ್ಶಕ್ತಿ, ಹೃದಯ ಬಡಿತದಲ್ಲಿ ಏರುಪೇರು ಕಾಣಿಸಿಕೊಳ್ಳಬಹುದು. ಇದರಿಂದಾಗಿಯೇ ‘ಸೆಳೆತವೆಂದರೆ ಮೆಗ್ನೀಶಿಯಂ ಕೊರತೆ’ ಎಂಬ ನಂಬಿಕೆ ಹುಟ್ಟಿಕೊಂಡಿದೆ. ಕೊರತೆಯಿಂದ ಸೆಳೆತ ಬರಬಹುದೆಂಬುದು ದಿಟ; ಆದರೆ ಎಲ್ಲ ಸೆಳೆತಕ್ಕೂ ಕೊರತೆಯೇ ಕಾರಣವಲ್ಲ.

ಕೊರತೆಯನ್ನು ಪತ್ತೆಹಚ್ಚುವುದರಲ್ಲಿಯೂ ಒಂದು ತೊಡಕಿದೆ. ರಕ್ತದಲ್ಲಿರುವ ಮೆಗ್ನೀಶಿಯಂ ಒಟ್ಟು ಪ್ರಮಾಣದ ಶೇಕಡ ಒಂದಕ್ಕಿಂತಲೂ ಕಡಿಮೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ರಕ್ತವೆಂಬುದು ಕೌಂಟರಿನಲ್ಲಿರುವ ನಗದು, ಮೂಳೆಯೆಂಬುದು ತಿಜೋರಿ. ತಿಜೋರಿ ಬರಿದಾಗುತ್ತ ಬಂದರೂ ಕೌಂಟರಿನ ನಗದು ಕೆಲಕಾಲ ಸರಿಯಾಗಿಯೇ ಕಾಣಬಹುದು. ಆದುದರಿಂದ ವೈದ್ಯರು ರಕ್ತಪರೀಕ್ಷೆಯ ಅಂಕಿಯೊಂದನ್ನೇ ನೋಡದೆ, ರೋಗಿಯ ಕಾಯಿಲೆ, ಔಷಧ, ಆಹಾರಗಳನ್ನೂ ಗಮನಿಸಿ ನಿರ್ಣಯಕ್ಕೆ ಬರುತ್ತಾರೆ.

ಕೊರತೆಯ ಸಂಭವ ಯಾರಿಗೆ?

ಮಧುಮೇಹ ಹತೋಟಿಯಲ್ಲಿಲ್ಲದವರಲ್ಲಿ ಮೂತ್ರದ ಮೂಲಕ ಮೆಗ್ನೀಶಿಯಂ ಹೆಚ್ಚಾಗಿ ಹೊರಹೋಗುತ್ತದೆ. ರಕ್ತದೊತ್ತಡಕ್ಕೂ ಕಾಲಿನ ಬಾವಿಗೂ ಕೊಡುವ, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳು ಇದೇ ಪರಿಣಾಮ ಬೀರುತ್ತವೆ. ದೀರ್ಘಕಾಲದ ಅತಿಸಾರ, ಕರುಳಿನ ಕಾಯಿಲೆ, ಮಿತಿಮೀರಿದ ಮದ್ಯಪಾನಗಳೂ ಕೊರತೆಗೆ ದಾರಿಯಾಗುತ್ತವೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ಸಿಸ್‌ಪ್ಲಾಟಿನ್ ಎಂಬ ಔಷಧ ಮೆಗ್ನೀಶಿಯಂ ನಷ್ಟವನ್ನುಂಟುಮಾಡುವುದರಲ್ಲಿ ಕುಪ್ರಸಿದ್ಧ. ಖಾರ್‌ಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಆಸ್ಪತ್ರೆಯಲ್ಲಾಗಲಿ ಬೇರೆಲ್ಲಿಯೇ ಆಗಲಿ ಈ ಔಷಧ ಪಡೆಯುತ್ತಿರುವವರಿಗೆ ಸೆಳೆತ, ಜೋಮು ಕಂಡುಬಂದರೆ ಅದನ್ನು ಚಿಕಿತ್ಸೆ ನೀಡುವ ವೈದ್ಯರಿಗೇ ತಿಳಿಸಬೇಕು, ಮನೆಮದ್ದಿಗೆ ಮುಂದಾಗಬಾರದು.

ನಮ್ಮ ಮನೆಗಳಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಕಾರಣವಿದೆ: ಎದೆಯುರಿಗೆಂದು ಪ್ರತಿದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮಾತ್ರೆಗಳು. ವೈದ್ಯರು ಕೆಲವು ವಾರಗಳಿಗೆಂದು ಬರೆದುಕೊಟ್ಟದ್ದನ್ನು ವರ್ಷಗಟ್ಟಲೆ ಮುಂದುವರಿಸುವವರಿದ್ದಾರೆ. ಈ ಗುಂಪಿನ ಮಾತ್ರೆಗಳನ್ನು ದೀರ್ಘಕಾಲ, ಅದರಲ್ಲೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಸೇವಿಸಿದರೆ ರಕ್ತದ ಮೆಗ್ನೀಶಿಯಂ ಕುಸಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2011ರಲ್ಲಿಯೇ ಎಚ್ಚರಿಕೆ ನೀಡಿತ್ತು. ಅಂತಹವರಿಗೆ ಬೇಕಾದದ್ದು ಇನ್ನೊಂದು ಮಾತ್ರೆಯಲ್ಲ. ಹಳೆಯ ಮಾತ್ರೆ ಇನ್ನೂ ಅಗತ್ಯವೇ ಎಂಬ ವಿಚಾರಣೆ. ಆದರೆ ಅದನ್ನು ತಾವಾಗಿ ನಿಲ್ಲಿಸದೆ ವೈದ್ಯರ ಸಲಹೆಯಂತೆ ನಡೆದುಕೊಳ್ಳುವುದು ಲೇಸು.

ಸಂಶೋಧನೆಗಳು ಹೇಳುವುದೇನು?

ಕೊರತೆ ಇಲ್ಲದವರಿಗೆ ಬರುವ ಸೆಳೆತಕ್ಕೆ ಮೆಗ್ನೀಶಿಯಂ ನೆರವಾಗುವುದೇ ಎಂಬುದನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ 11 ಪ್ರಯೋಗಗಳನ್ನೂ 735 ಮಂದಿಯನ್ನೂ ಪರಿಗಣಿಸಲಾಯಿತು. ಕಾರಣ ತಿಳಿಯದ ರಾತ್ರಿ ಸೆಳೆತದಿಂದ ಬಳಲುವ ಹಿರಿಯರಿಗೆ ಮೆಗ್ನೀಶಿಯಂನಿಂದ ಹೇಳಿಕೊಳ್ಳುವಂತಹ ಪ್ರಯೋಜನ ಸಿಗುವ ಸಂಭವ ಕಡಿಮೆ ಎಂಬುದು ಅದರ ನಿಲುವು. ಗರ್ಭಿಣಿಯರ ವಿಷಯದಲ್ಲಿ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ದೀರ್ಘಕಾಲದ ಕಾಯಿಲೆಗಳಿಂದ ಬರುವ ಸೆಳೆತದ ಮೇಲಂತೂ, ಯಕೃತ್ತಿನ ಕಾಯಿಲೆಯುಳ್ಳವರ ಮೇಲೆ ನಡೆದ ಒಂದು ಸಣ್ಣ ಪ್ರಯೋಗವನ್ನು ಬಿಟ್ಟರೆ, ಆ ವಿಮರ್ಶೆಗೆ ದೊರೆತ ಆಧಾರವೇ ಇರಲಿಲ್ಲ.

ಇಸ್ರೇಲಿನಲ್ಲಿ 94 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸ್ವಾರಸ್ಯಕರವಾಗಿದೆ. ಕೆಲವರಿಗೆ ನಾಲ್ಕು ವಾರ ಮೆಗ್ನೀಶಿಯಂ ಆಕ್ಸೈಡನ್ನೂ, ಉಳಿದವರಿಗೆ ನೋಡಲು ಅದೇ ರೀತಿಯಿರುವ ಔಷಧವಿಲ್ಲದ ಮಾತ್ರೆಯನ್ನೂ ನೀಡಲಾಯಿತು. ಎರಡೂ ಗುಂಪಿನವರಿಗೆ ವಾರಕ್ಕೆ ಬರುತ್ತಿದ್ದ ಸೆಳೆತಗಳಲ್ಲಿ ಸರಿಸುಮಾರು ಮೂರು ಕಡಿಮೆಯಾದವು! ‘ನನಗೆ ಗುಣವಾಗಿದೆ’ ಎಂದು ನೆರೆಮನೆಯವರು ಹೇಳುವ ಮಾತು ಸುಳ್ಳಲ್ಲ. ಆದರೆ ಗುಣಕ್ಕೆ ಮೆಗ್ನೀಶಿಯಂ ಕಾರಣವೋ, ನಂಬಿಕೆಯೋ, ಸೆಳೆತ ತಾನಾಗಿಯೇ ಇಳಿಯುವ ಕಾಲವೋ ಎಂಬುದು ಒಬ್ಬರ ಅನುಭವದಿಂದ ತಿಳಿಯುವಂತಹುದಲ್ಲ.

ಹಾಗೆಂದು ಮೆಗ್ನೀಶಿಯಂ ಕೆಲಸಕ್ಕೆ ಬಾರದ ವಸ್ತುವೇನಲ್ಲ. ಗರ್ಭಿಣಿಯರಿಗೆ ರಕ್ತದೊತ್ತಡ ಏರಿ ಬರುವ ಅಪಸ್ಮಾರವನ್ನು ತಡೆಯಲು ಆಸ್ಪತ್ರೆಗಳಲ್ಲಿ ಮೆಗ್ನೀಶಿಯಂ ಸಲ್ಫೇಟ್ ಚುಚ್ಚುಮದ್ದು ನೀಡುತ್ತಾರೆ. ಅದು ಈ ಅಪಾಯವನ್ನು ಅರ್ಧಕ್ಕಿಳಿಸುತ್ತದೆಂದು ಸುಮಾರು ಹತ್ತು ಸಾವಿರ ಮಹಿಳೆಯರನ್ನೊಳಗೊಂಡು 2002ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಪ್ರಯೋಗ ತೋರಿಸಿಕೊಟ್ಟಿತು. ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ನೋವುನಿವಾರಕಗಳ ಪ್ರಮಾಣ ತಗ್ಗಿಸಲೂ, ಕೆಲವರಲ್ಲಿ ಅರೆತಲೆನೋವು ಮರುಕಳಿಸದಂತೆ ಮಾಡಲೂ ಇದರ ಉಪಯೋಗವಿದೆ. ಪರೀಕ್ಷೆಯಿಂದ ಕೊರತೆ ಖಚಿತವಾದವರಿಗಂತೂ ಇದೇ ಸರಿಯಾದ ಚಿಕಿತ್ಸೆ. ಮೈಕೈ ನೋವಿನ ಇತರ ದೀರ್ಘ ಕಾಯಿಲೆಗಳಿಗೆ ಮಾತ್ರ ಆಧಾರ ಇನ್ನೂ ದುರ್ಬಲ.

ಮೂತ್ರಪಿಂಡ ದುರ್ಬಲವಾಗಿದ್ದರೆ ಅಪಾಯ

ಹೆಚ್ಚಾದ ಮೆಗ್ನೀಶಿಯಂ ಅನ್ನು ಹೊರಹಾಕುವ ಕೆಲಸ ಮೂತ್ರಪಿಂಡಗಳದು. ಅವು ಆರೋಗ್ಯವಾಗಿದ್ದರೆ, ಪ್ರಮಾಣ ಹೆಚ್ಚಾದಾಗ ಸಾಮಾನ್ಯವಾಗಿ ಆಗುವುದು ಭೇದಿ ಮಾತ್ರ. ಅವು ದುರ್ಬಲವಾಗಿದ್ದರೆ ಮೆಗ್ನೀಶಿಯಂ ರಕ್ತದಲ್ಲಿಯೇ ಸಂಗ್ರಹವಾಗುತ್ತ ಹೋಗುತ್ತದೆ. ವಾಕರಿಕೆ, ಮುಖ ಕೆಂಪೇರುವುದು, ಮಂಪರು, ಕೈಕಾಲು ಸೋಲುವುದು, ರಕ್ತದೊತ್ತಡ ಇಳಿಯುವುದು, ಹೃದಯ ಬಡಿತ ನಿಧಾನವಾಗುವುದು ಇವು ಅದರ ಲಕ್ಷಣಗಳು. ವಿಪರೀತಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ.

ಮಧುಮೇಹ ಮತ್ತು ರಕ್ತದೊತ್ತಡಗಳೇ ಮೂತ್ರಪಿಂಡ ಹಾಳಾಗಲು ಮುಖ್ಯ ಕಾರಣಗಳು. ಮೊದಲ ಹಂತಗಳಲ್ಲಿ ಮೂತ್ರಪಿಂಡದ ಕಾಯಿಲೆ ಯಾವ ನೋವನ್ನೂ ಕೊಡುವುದಿಲ್ಲ. ಅಂದರೆ, ಸೆಳೆತದಿಂದ ಬಳಲಿ ಮೆಗ್ನೀಶಿಯಂ ಮಾತ್ರೆಗೆ ಕೈಚಾಚುವ ಹಿರಿಯರೇ, ತಮಗರಿವಿಲ್ಲದಂತೆ ಅದನ್ನು ತಾಳಿಕೊಳ್ಳಲಾರದ ಸ್ಥಿತಿಯಲ್ಲಿರಬಹುದು. ಮಾತ್ರೆ ಆರಂಭಿಸುವ ಮುನ್ನ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ವೈದ್ಯರಿಂದ ಮೂತ್ರಪಿಂಡದ ಸಾಮರ್ಥ್ಯದ ಅಂದಾಜು ಪಡೆಯಬೇಕೆನ್ನುವುದು ಈ ಕಾರಣಕ್ಕಾಗಿ. ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆ, ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆ, ಕಳವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ, ವಾಶಿಯ ಮಹಾನಗರಪಾಲಿಕೆ ಆಸ್ಪತ್ರೆಗಳಂತಹ ಸಾರ್ವಜನಿಕ ಆಸ್ಪತ್ರೆಗಳು ನಮ್ಮ ಪರಿಸರದಲ್ಲಿಯೇ ಇವೆ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರಿಗೆ ಬರುವ ಸೆಳೆತಕ್ಕೆ ದೇಹದಿಂದ ನೀರಿನಂಶ ಬೇಗನೆ ತೆಗೆಯುವುದೇ ಹೆಚ್ಚಾಗಿ ಕಾರಣ. ಅವರು ಸ್ವಂತ ನಿರ್ಧಾರದಿಂದ ಮೆಗ್ನೀಶಿಯಂ ಸೇವಿಸಲೇಬಾರದು.

ಮಲಬದ್ಧತೆಗೆಂದು ಕುಡಿಯುವ ಬಿಳಿಯ ಔಷಧ ‘ಮಿಲ್ಕ್ ಆಫ್ ಮೆಗ್ನೀಶಿಯಾ’ ಹಾಗೂ ಎದೆಯುರಿಗೆ ಚೀಪುವ ಹಲವು ಮಾತ್ರೆಗಳಲ್ಲಿಯೂ ಇರುವುದು ಇದೇ ಮೆಗ್ನೀಶಿಯಂ. ಲೆಕ್ಕ ಹಾಕುವಾಗ ಅವನ್ನೂ ಸೇರಿಸಿಕೊಳ್ಳಬೇಕು.

ಡಬ್ಬಿಯ ಮೇಲಿನ ಅಂಕಿ

ಡಬ್ಬಿಯ ಮೇಲೆ ದೊಡ್ಡದಾಗಿ ಮುದ್ರಿತವಾದ ಅಂಕಿ ಹಲವು ವೇಳೆ ಲವಣದ ಒಟ್ಟು ತೂಕವೇ ಹೊರತು ಅದರಲ್ಲಿರುವ ಮೆಗ್ನೀಶಿಯಂನ ತೂಕವಲ್ಲ. ಆಕ್ಸೈಡಿನಲ್ಲಿ ಶೇಕಡ 60ರಷ್ಟು, ಸಿಟ್ರೇಟಿನಲ್ಲಿ ಶೇಕಡ 16ರಷ್ಟು, ಗ್ಲೈಸಿನೇಟಿನಲ್ಲಿ ಶೇಕಡ 14ರಷ್ಟು ಮೆಗ್ನೀಶಿಯಂ ಇರುತ್ತದೆ. ಆಕ್ಸೈಡಿನಲ್ಲಿ ಅಂಶ ಹೆಚ್ಚಿದ್ದರೂ ಕರುಳು ಅದನ್ನು ಹೀರಿಕೊಳ್ಳುವುದು ಕಡಿಮೆ, ಭೇದಿಯಾಗುವುದು ಹೆಚ್ಚು. ಆಹಾರವನ್ನು ಹೊರತುಪಡಿಸಿ ಮಾತ್ರೆಗಳ ಮೂಲಕ ವಯಸ್ಕರು ದಿನಕ್ಕೆ 350 ಮಿಲಿಗ್ರಾಂ ಮೀರಬಾರದೆಂದು ಅಮೆರಿಕದ ತಜ್ಞರೂ, 250 ಮೀರಬಾರದೆಂದು ಯುರೋಪಿನ ತಜ್ಞರೂ ಮಿತಿ ಹಾಕಿದ್ದಾರೆ. ಈ ಮಿತಿ ಆರೋಗ್ಯವಂತರಿಗೆ ಅನ್ವಯಿಸುವಂತಹುದು.

ಬೇರೆ ಔಷಧಗಳೊಡನೆ ಇದರ ಹೊಂದಾಣಿಕೆಯನ್ನೂ ಗಮನಿಸಬೇಕು. ಥೈರಾಯ್ಡ್ ಮಾತ್ರೆಯನ್ನು ಮೆಗ್ನೀಶಿಯಂ ಜೊತೆಯಲ್ಲಿ ನುಂಗಿದರೆ ಥೈರಾಯ್ಡ್ ಔಷಧ ಸರಿಯಾಗಿ ಮೈಗೂಡುವುದಿಲ್ಲ. ಎರಡರ ನಡುವೆ ನಾಲ್ಕು ಗಂಟೆಗಳ ಅಂತರ ಬೇಕು. ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ನಂತಹ ಆ್ಯಂಟಿಬಯಾಟಿಕ್‌ಗಳಿಗೂ, ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಮಾತ್ರೆಗೂ ಇದೇ ತೊಂದರೆಯಿದೆ. ಆದ್ದರಿಂದ ತಾವು ಸೇವಿಸುವ ಸಮಸ್ತ ಮಾತ್ರೆಗಳ ಪಟ್ಟಿಯೊಂದನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸುವುದು ಉತ್ತಮ ಅಭ್ಯಾಸ.

ಅಡುಗೆಮನೆಯಲ್ಲಿರುವ ಮೆಗ್ನೀಶಿಯಂ

ವಯಸ್ಕರಿಗೆ ದಿನವೊಂದಕ್ಕೆ ಬೇಕಾದ ಮೆಗ್ನೀಶಿಯಂ ಸುಮಾರು 300ರಿಂದ 450 ಮಿಲಿಗ್ರಾಂ. ನೂರು ಗ್ರಾಂ ರಾಗಿಯಲ್ಲಿ ಸುಮಾರು 140 ಮಿಲಿಗ್ರಾಂ ಇದೆ. ಎಳ್ಳು, ಬಾದಾಮಿ, ಗೋಡಂಬಿಗಳಲ್ಲಿ ಇದರ ಇಮ್ಮಡಿ ಅಥವಾ ಅದಕ್ಕೂ ಹೆಚ್ಚು. ಕಾಳುಗಳು, ಹರಿವೆ ಮೊದಲಾದ ಸೊಪ್ಪುಗಳು, ಜೋಳ, ಸಜ್ಜೆ ಇವೆಲ್ಲ ಒಳ್ಳೆಯ ಮೂಲಗಳು. ಅಕ್ಕಿಯನ್ನು ಬೆಳ್ಳಗೆ ಪಾಲಿಶ್ ಮಾಡಿದಾಗ ತೌಡಿನೊಡನೆ ಅದರ ಬಹುಪಾಲು ಹೊರಟುಹೋಗುತ್ತದೆ. ಊರಿನಲ್ಲಿ ರಾಗಿ, ಜೋಳ, ಕುಚ್ಚಲಕ್ಕಿ ಉಂಡು ಬೆಳೆದವರು ಇಲ್ಲಿ ಬಿಳಿ ಅನ್ನ, ಮೈದಾ ಬ್ರೆಡ್ಡು, ಬಿಸ್ಕತ್ತುಗಳಿಗೆ ಒಗ್ಗಿಹೋದದ್ದು ಬದುಕಿನ ಧಾವಂತದಿಂದ. ಇಲ್ಲಿನ ಅಂಗಡಿಗಳಲ್ಲಿ ‘ನಾಚಣಿ’ ಎಂದು ಕೇಳಿದರೆ ಸಿಗುವುದು ನಮ್ಮ ರಾಗಿಯೇ; ಬಾಜ್ರಿ ಭಾಕರಿ ನಮ್ಮ ಸಜ್ಜೆ ರೊಟ್ಟಿಯೇ. ಮೂತ್ರಪಿಂಡದ ಕಾಯಿಲೆಯಿರುವವರು ಮಾತ್ರ ಆಹಾರದ ಬದಲಾವಣೆಗೂ ವೈದ್ಯರ ಅನುಮತಿ ಪಡೆಯಬೇಕು.

ಸೆಳೆತ ಬಂದಾಗ

ಮೀನಖಂಡ ಹಿಡಿದುಕೊಂಡಾಗ ಮೊಣಕಾಲನ್ನು ನೀಳವಾಗಿ ಚಾಚಿ, ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಮೆಲ್ಲನೆ ಎಳೆದು ಹಿಡಿಯಬೇಕು. ಮಲಗುವ ಮುನ್ನ ಕೆಲವು ನಿಮಿಷ ಮೀನಖಂಡ ಮತ್ತು ತೊಡೆಯ ಹಿಂಭಾಗವನ್ನು ಚಾಚುವ ವ್ಯಾಯಾಮ ಮಾಡಿದರೆ ರಾತ್ರಿಯ ಸೆಳೆತ ಕಡಿಮೆಯಾಗುತ್ತದೆಂದು, 55 ವರ್ಷ ದಾಟಿದ 80 ಮಂದಿಯ ಮೇಲೆ ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡುಬಂತು. ಖರ್ಚಿಲ್ಲದ, ಅಪಾಯವಿಲ್ಲದ ಉಪಾಯವಿದು.

ಕೆಲವು ಲಕ್ಷಣಗಳನ್ನು ಮಾತ್ರ ಕಡೆಗಣಿಸಲಾಗದು. ಒಂದೇ ಕಾಲು ಊದಿ, ಕೆಂಪಾಗಿ, ಬಿಸಿಯಾಗಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು. ನಿಲ್ದಾಣದ ಸೇತುವೆ ಏರುವಾಗ ಕಾಲು ಹಿಡಿದು, ನಿಂತೊಡನೆ ಬಿಡುತ್ತಿದ್ದರೆ ಅದು ರಕ್ತಸಂಚಾರದ ತೊಡಕಿರಬಹುದು. ಪಾದ ಉರಿಯುವುದು, ಸ್ಪರ್ಶ ತಿಳಿಯದಿರುವುದು ಮಧುಮೇಹದಿಂದ ನರಗಳಿಗಾದ ಹಾನಿಯ ಸೂಚನೆ. ಕೊಲೆಸ್ಟರಾಲ್ ಮಾತ್ರೆ ಆರಂಭಿಸಿದ ಮೇಲೆ ಮೈಕೈ ನೋವು ಹೆಚ್ಚಿದ್ದರೆ ಅದನ್ನೂ ತಿಳಿಸಬೇಕು. ಇವೆಲ್ಲವನ್ನೂ ‘ಮೆಗ್ನೀಶಿಯಂ ಕಮ್ಮಿ’ ಎಂಬ ಒಂದೇ ಮಾತಿನಲ್ಲಿ ಮುಚ್ಚಿಬಿಟ್ಟರೆ ನಷ್ಟವಾಗುವುದು ಹಣಕ್ಕಿಂತ ಹೆಚ್ಚಾಗಿ ಅಮೂಲ್ಯವಾದ ಸಮಯ.

ಆದುದರಿಂದ ಮೆಗ್ನೀಶಿಯಂ ಮಾತ್ರೆ ಕೊಳ್ಳುವ ಮುನ್ನ ವೈದ್ಯರಲ್ಲಿ ಮೂರು ಪ್ರಶ್ನೆಗಳನ್ನು ಕೇಳೋಣ: ಈ ಸೆಳೆತಕ್ಕೆ ಕಾರಣವೇನು? ಮೂತ್ರಪಿಂಡ ಸರಿಯಾಗಿದೆಯೇ? ಈಗಿರುವ ಮಾತ್ರೆಗಳೊಡನೆ ಇದು ಹೊಂದುವುದೇ? ಮೂರಕ್ಕೂ ಸಮಾಧಾನಕರ ಉತ್ತರ ದೊರೆತು ವೈದ್ಯರು ಬರೆದುಕೊಟ್ಟರೆ, ಅವರು ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ಕಾಲ ಸೇವಿಸಲು ಅಡ್ಡಿಯಿಲ್ಲ. ಮಕ್ಕಳು ಪರದೇಶದಿಂದ ಡಬ್ಬಿ ತರುವುದಕ್ಕೆ ಮೊದಲು ಅಪ್ಪ ಅಮ್ಮನ ರಕ್ತಪರೀಕ್ಷೆಯ ವರದಿಯನ್ನೊಮ್ಮೆ ಕೇಳಿ ನೋಡಿದರೆ, ಅದೇ ಅವರು ಹಿರಿಯರಿಗೆ ಮಾಡುವ ದೊಡ್ಡ ಉಪಕಾರ.